ಹವಳಕ್ಕೆ ಎಷ್ಟು ಬೆಳಕು, ಎಲ್ಲಿ ಜಾಗ?

ಹವಳ ಪ್ರಾಣಿಯೇ ಹೊರತು ಗಿಡವಲ್ಲ. ಆದರೂ ಅದರ ಊಟದ ಬಹುಪಾಲು ಬರುವುದು ಬೆಳಕಿನಿಂದ. ಉಷ್ಣವಲಯದ ಆಳವಿಲ್ಲದ ಕಡಲಿನ ಹೆಚ್ಚಿನ ಹವಳಗಳ ಜೀವಕೋಶಗಳೊಳಗೆ ಝೂಕ್ಸಾಂಥೆಲೆ ಎಂಬ ಕಂದುಬಣ್ಣದ ಏಕಕೋಶ ಪಾಚಿ ನೆಲೆಸಿರುತ್ತದೆ. ಹಗಲಲ್ಲಿ ಪಾಚಿ ತಯಾರಿಸುವ ಸಕ್ಕರೆ, ಕೊಬ್ಬುಗಳಲ್ಲಿ ದೊಡ್ಡ ಪಾಲು ಹವಳಕ್ಕೆ ಸೇರುತ್ತದೆ. ಪ್ರತಿಯಾಗಿ ಪಾಚಿಗೆ ಸಿಗುವುದು ಸುರಕ್ಷಿತ ತಾಣ, ಜೊತೆಗೆ ಹವಳ ಹೊರಹಾಕುವ ಸಾರಜನಕಯುಕ್ತ ತ್ಯಾಜ್ಯ ಮತ್ತು ಇಂಗಾಲದ ಡೈಆಕ್ಸೈಡ್. ಒಳ್ಳೆಯ ಬೆಳಕಿನಲ್ಲಿ ಹವಳಕ್ಕೆ ಬೇಕಾದ ಶಕ್ತಿಯ ಶೇ 90ರಷ್ಟು ಈ ಪಾಚಿಯಿಂದಲೇ ದೊರೆಯಬಲ್ಲದು. ಮನೆಯ ಅಕ್ವೇರಿಯಂನಲ್ಲಿ ಹವಳ ಬದುಕುವುದೂ ಸೊರಗುವುದೂ ದೊಡ್ಡ ಮಟ್ಟಿಗೆ ಈ ಲೆಕ್ಕಾಚಾರದ ಮೇಲೆ ನಿಂತಿದೆ.

ಜಕಾರ್ತಾದ ಲೀ ಚಿನ್ ಎಂಗ್ 1960ರ ದಶಕದ ಆರಂಭದಲ್ಲೇ ‘ಜೀವಂತ ಕಲ್ಲು’ (ಜೀವಿಗಳು ನೆಲೆಸಿದ ಕಡಲ ಕಲ್ಲು) ಮತ್ತು ಬಿಸಿಲನ್ನು ನೆಚ್ಚಿ ಮನೆಯ ತೊಟ್ಟಿಯಲ್ಲಿ ಹವಳ ಸಾಕಿ ತೋರಿಸಿದ್ದರು. ಸಮಭಾಜಕ ವೃತ್ತದ ಪಕ್ಕದ ಊರಿನ ಬಿಸಿಲು ಎಲ್ಲರಿಗೂ ಸಿಗುವುದಿಲ್ಲ. ಸಿಕ್ಕರೂ ಅದರ ಬೆನ್ನಿಗೇ ಬರುವ ಶಾಖವನ್ನು ನಿಭಾಯಿಸುವುದು ಸುಲಭವಲ್ಲ. ಹೀಗಾಗಿ ಇಂದು ಹವಳದ ತೊಟ್ಟಿಗಳು ಬಹುತೇಕ ದೀಪದ ಬೆಳಕಿನಲ್ಲೇ ನಡೆಯುತ್ತವೆ.

ಬೆಳಕಿನ ವಿಷಯದಲ್ಲಿ ಮೊದಲು ನೋಡಬೇಕಾದ್ದು ಬಣ್ಣ. ಕಡಲ ನೀರು ಕೆಂಪು ಕಿರಣಗಳನ್ನು ಬೇಗ ಹೀರಿಕೊಳ್ಳುತ್ತದೆ. ಹತ್ತು ಮೀಟರ್ ಆಳ ಮುಟ್ಟುವಷ್ಟರಲ್ಲಿ ಕೆಂಪು ಬಹುತೇಕ ಮುಗಿದಿರುತ್ತದೆ. ಹೆಚ್ಚು ಆಳಕ್ಕೆ ಇಳಿಯುವುದು ನೀಲಿ. ಝೂಕ್ಸಾಂಥೆಲೆಯ ವರ್ಣದ್ರವ್ಯಗಳೂ ನೀಲಿಯನ್ನೇ ಚೆನ್ನಾಗಿ ಹಿಡಿಯುತ್ತವೆ. ಆದ್ದರಿಂದ ಹವಳದ ದೀಪಗಳಲ್ಲಿ 420ರಿಂದ 480 ನ್ಯಾನೋಮೀಟರ್ ತರಂಗಾಂತರದ ನೀಲಿ-ನೇರಳೆ ಮುಂದಿದ್ದು, ಬಿಳಿ ಅದಕ್ಕೆ ಜೊತೆಯಾಗಿರುತ್ತದೆ. ಸಿಹಿನೀರಿನ ಗಿಡಗಳಿಗೆ ಕೊಳ್ಳುವ 6,500 ಕೆಲ್ವಿನ್ ದೀಪ ಇಲ್ಲಿ ಹಳದಿಯಾಗಿ ಕಾಣುತ್ತದೆ. ಹವಳ ಸಾಕುವವರ ಒಲವು ಹೆಚ್ಚು ನೀಲಿಯಾದ 14,000ದಿಂದ 20,000 ಕೆಲ್ವಿನ್ ಕಡೆಗೆ.

ನೀಲಿ ಬೆಳಕಿನಲ್ಲಿ ಹವಳ ಹಸಿರು, ಕಿತ್ತಳೆ, ಗುಲಾಬಿಯಾಗಿ ಹೊಳೆಯುವುದು ಅದರ ಮೈಯಲ್ಲಿರುವ ಪ್ರತಿದೀಪ್ತ ಪ್ರೋಟೀನ್‌ಗಳಿಂದ. ಜೀವವಿಜ್ಞಾನದ ಪ್ರಯೋಗಾಲಯಗಳಲ್ಲಿ ಬಳಸುವ ಕೆಂಪು ಪ್ರತಿದೀಪ್ತ ಪ್ರೋಟೀನೊಂದು 1999ರಲ್ಲಿ ಪತ್ತೆಯಾದದ್ದು ಅಕ್ವೇರಿಯಂಗಳ ಅಣಬೆ ಹವಳ ಡಿಸ್ಕೋಸೋಮಾದಲ್ಲಿ. ಈ ಹೊಳಪು ಅಂಗಡಿಯವರಿಗೂ ಗೊತ್ತು. ಬರೀ ನೀಲಿ ದೀಪದಡಿ ಇಟ್ಟ ತುಂಡು ಮನೆಗೆ ಬಂದಮೇಲೆ ಮಂಕಾಗಿ ಕಾಣುವುದು ಮಾಮೂಲು. ಕೊಳ್ಳುವ ಮೊದಲು ಬಿಳಿ ದೀಪ ಹಾಕಿಸಿ ನೋಡುವುದು ಕ್ಷೇಮ: ಅಂಚಿನಲ್ಲಿ ಮಾಂಸ ಹಿಂದೆ ಸರಿದು ಸುಣ್ಣದ ಬಿಳಿ ಇಣುಕುತ್ತಿದೆಯೇ, ಪಾಲಿಪ್‌ಗಳು (ಹವಳದ ಹೂವಿನಂಥ ಬಿಡಿ ಜೀವಿಗಳು) ಅರಳಿವೆಯೇ ಎಂಬುದು ಆ ಬೆಳಕಿನಲ್ಲಷ್ಟೇ ಸರಿಯಾಗಿ ತಿಳಿಯುತ್ತದೆ.

ಇನ್ನು ಪ್ರಮಾಣ. ಇಷ್ಟು ಲೀಟರಿಗೆ ಇಷ್ಟು ವ್ಯಾಟ್ ಎಂಬುದು ಟ್ಯೂಬ್‌ಲೈಟ್ ಕಾಲದ ಲೆಕ್ಕ. ಎಲ್‌ಇಡಿಗೆ ಅದು ಹೊಂದುವುದಿಲ್ಲ. ಲಕ್ಸ್ ಮೀಟರನ್ನೂ ನಂಬುವಂತಿಲ್ಲ. ಮನುಷ್ಯನ ಕಣ್ಣಿಗೆ ಹಸಿರು-ಹಳದಿ ಹೆಚ್ಚು ಪ್ರಖರವಾಗಿ ಕಾಣುವುದರಿಂದ ಲಕ್ಸ್ ಆ ಬಣ್ಣಗಳಿಗೇ ತೂಕ ಕೊಡುತ್ತದೆ, ನೀಲಿಯನ್ನು ಕಡಿಮೆ ತೋರಿಸುತ್ತದೆ. ಹವಳಕ್ಕೆ ಲೆಕ್ಕವಾಗುವುದು ದ್ಯುತಿಸಂಶ್ಲೇಷಣೆಗೆ ಒದಗುವ 400ರಿಂದ 700 ನ್ಯಾನೋಮೀಟರ್‌ವರೆಗಿನ ಬೆಳಕು. ಹವ್ಯಾಸಿಗಳು ಇದನ್ನು ‘ಪಾರ್’ ಎನ್ನುತ್ತಾರೆ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಸೆಕೆಂಡಿನಲ್ಲಿ ಬೀಳುವ ಬೆಳಕಿನ ಕಣಗಳನ್ನು ಮೈಕ್ರೋಮೋಲ್‌ನಲ್ಲಿ ಎಣಿಸುವುದು ಇದರ ಕ್ರಮ. ಉಷ್ಣವಲಯದ ನಡುಹಗಲಿನಲ್ಲಿ ಕಡಲ ಮೇಲ್ಮೈಗೆ ಸುಮಾರು 2,000 ಪಾರ್ ಬೀಳುತ್ತದೆ. ಮನೆಯ ತೊಟ್ಟಿಗೆ ಅಷ್ಟೆಲ್ಲ ಬೇಡ. ಒಂದು ಹಂತ ದಾಟಿದ ಮೇಲೆ ಪಾಚಿಯ ಉತ್ಪಾದನೆ ಏರುವುದಿಲ್ಲ. ಹೆಚ್ಚುವರಿ ಬೆಳಕು ಕೋಶಕ್ಕೆ ಹಾನಿ ಮಾಡುವ ಆಮ್ಲಜನಕದ ರೂಪಗಳನ್ನು ಹುಟ್ಟಿಸುತ್ತದೆ.

ದೀಪಗಳಲ್ಲಿ ಮೂರು ಬಗೆ. ಮೆಟಲ್ ಹ್ಯಾಲೈಡ್ ಪ್ರಖರ, ಆದರೆ ನೀರು ಕಾಯಿಸುತ್ತದೆ, ಕರೆಂಟು ಕುಡಿಯುತ್ತದೆ. ಟಿ5 ಟ್ಯೂಬುಗಳು ನೆರಳು ಮೂಡದಂತೆ ಸಮನಾಗಿ ಬೆಳಕು ಹರಡುತ್ತವೆ, ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು. ಎಲ್‌ಇಡಿಯಲ್ಲಿ ಪ್ರತಿ ಬಣ್ಣವನ್ನೂ ಪ್ರತ್ಯೇಕವಾಗಿ ಏರಿಸಿ ಇಳಿಸಬಹುದು. ಆದರೆ ಅದರ ಬೆಳಕು ಚಿಕ್ಕ ಬಿಂದುಗಳಿಂದ ಹೊರಡುವುದರಿಂದ ದೀಪದ ನೇರ ಕೆಳಗೆ ಪ್ರಖರವಾಗಿದ್ದು ಅಂಚಿನಲ್ಲಿ ಸೊರಗುತ್ತದೆ. ನಡುವೆ 250 ಪಾರ್ ಇರುವ ತೊಟ್ಟಿಯ ಮೂಲೆಯಲ್ಲಿ 80 ಮಾತ್ರ ಇರುವುದು ಅಪರೂಪವಲ್ಲ. ದೀಪವನ್ನು ಸ್ವಲ್ಪ ಮೇಲೆತ್ತಿದರೆ ಬೆಳಕು ಹರಡಿಕೊಳ್ಳುತ್ತದೆ, ತೀವ್ರತೆ ತಗ್ಗುತ್ತದೆ. ಈ ಏರುಪೇರು ದೋಷವೇನಲ್ಲ. ಒಂದೇ ತೊಟ್ಟಿಯಲ್ಲಿ ಬೇರೆ ಬೇರೆ ಹವಳಗಳಿಗೆ ಜಾಗ ಸಿಗುವುದು ಇದರಿಂದಲೇ. ಯಾವ ಕಂಪನಿಯ ದೀಪ ಎಂಬ ಚರ್ಚೆಗೆ ಹವ್ಯಾಸಿಗಳು ಕೊಡುವ ಸಮಯದ ಅರ್ಧವನ್ನು ತೊಟ್ಟಿಯ ಮೇಲೆ, ನಡುವೆ, ತಳದಲ್ಲಿ ಪಾರ್ ಅಳೆದು ಕಾಗದದ ಮೇಲೆ ಗುರುತು ಹಾಕಲು ಕೊಟ್ಟರೆ ಹೆಚ್ಚು ಹವಳಗಳು ಉಳಿಯುತ್ತವೆ. ಮೀಟರ್ ದುಬಾರಿ; ಬಳಗದಲ್ಲಿ ಯಾರ ಬಳಿಯಾದರೂ ಇದ್ದರೆ ಒಂದು ದಿನಕ್ಕೆ ಎರವಲು ತಂದರೆ ಸಾಕು.

ದಿನಕ್ಕೆ ಎಂಟರಿಂದ ಹತ್ತು ಗಂಟೆ ದೀಪ ಉರಿದರೆ ಸಾಕಾಗುತ್ತದೆ. ಬೆಳಗ್ಗೆ ನಿಧಾನವಾಗಿ ಏರಿ ಸಂಜೆ ನಿಧಾನವಾಗಿ ಇಳಿಯುವಂತಿದ್ದರೆ ಒಳ್ಳೆಯದು. ಹೊಸ ಹವಳ ಬಂದಾಗ, ಅದಕ್ಕಿಂತ ಮುಖ್ಯವಾಗಿ ಹೊಸ ದೀಪ ಬಂದಾಗ, ಅರ್ಧಕ್ಕಿಂತ ಕಡಿಮೆ ತೀವ್ರತೆಯಿಂದ ಆರಂಭಿಸಿ ಮೂರು-ನಾಲ್ಕು ವಾರಗಳಲ್ಲಿ ಏರಿಸುತ್ತ ಹೋಗಬೇಕು. ಬೆಳಕು ಸಾಲದ ಹವಳ ಅದನ್ನು ಹೇಳಲು ವಾರಗಟ್ಟಲೆ ತೆಗೆದುಕೊಳ್ಳುತ್ತದೆ: ಪಾಚಿ ಹೆಚ್ಚಿ ಮೈ ಕಂದಾಗುತ್ತದೆ, ಪಾಲಿಪ್‌ಗಳು ದೀಪದತ್ತ ಉದ್ದುದ್ದ ಚಾಚುತ್ತವೆ. ಬೆಳಕು ಅತಿಯಾದರೆ ಕೆಲವೇ ದಿನಗಳಲ್ಲಿ ಮೇಲ್ಭಾಗ ಬಿಳಿಚುತ್ತದೆ, ಪಾಲಿಪ್‌ಗಳು ಮುದುಡುತ್ತವೆ, ಪಾಚಿಯನ್ನು ಹೊರದಬ್ಬಿದ ಹವಳದ ಪಾರದರ್ಶಕ ಚರ್ಮದಡಿ ಅಸ್ಥಿಪಂಜರ ಕಾಣುತ್ತದೆ. ಮೊದಲನೆಯದನ್ನು ಸರಿಪಡಿಸಲು ಸಮಯವಿರುತ್ತದೆ, ಎರಡನೆಯದಕ್ಕೆ ಹೆಚ್ಚು ಇರುವುದಿಲ್ಲ. ಕಂದುಬಣ್ಣಕ್ಕೆ ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಹೆಚ್ಚಿರುವುದೂ ಕಾರಣವಾಗಬಹುದಾದ್ದರಿಂದ, ದೀಪ ಏರಿಸುವ ಮೊದಲು ನೀರು ಪರೀಕ್ಷಿಸುವುದು ವಾಸಿ.

ಶಾಖ ಬೆಳಕಿನ ಹಾನಿಯನ್ನು ಇಮ್ಮಡಿಗೊಳಿಸುತ್ತದೆ. ತೊಟ್ಟಿಯ ನೀರು 25-26 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಚೆಂದ. 30 ದಾಟಿತೆಂದರೆ ಎಂದಿನ ಬೆಳಕೂ ಹವಳವನ್ನು ಬಿಳಿಚಿಸಬಲ್ಲದು. ಮಂಗಳೂರು, ಕಾರವಾರದ ಏಪ್ರಿಲ್-ಮೇ ಸೆಕೆಯಲ್ಲಿ ಚಿಲ್ಲರ್ ಇಲ್ಲದ ತೊಟ್ಟಿಗಳು ತಾಳುವುದು ಕಷ್ಟ. ಅಂಥ ದಿನಗಳಲ್ಲಿ ಕೈಗೆಟಕುವ ಉಪಾಯವೆಂದರೆ ದೀಪದ ತೀವ್ರತೆ ಇಳಿಸಿ, ನೀರಿನ ಮೇಲ್ಮೈಗೆ ಫ್ಯಾನ್ ಹಾಕಿ, ಆವಿಯಾದಷ್ಟು ಸಿಹಿನೀರು ತುಂಬುವುದು. ಕರೆಂಟು ಹೋದಾಗ ಯುಪಿಎಸ್ ಕೊಡಬೇಕಾದ್ದು ದೀಪಕ್ಕಲ್ಲ, ನೀರು ತಿರುಗಿಸುವ ಪಂಪಿಗೆ. ಒಂದು ದಿನದ ಕತ್ತಲನ್ನು ಹವಳ ಸಹಿಸುತ್ತದೆ. ನಿಂತ ನೀರಿನಲ್ಲಿ ಆಮ್ಲಜನಕ ಕೆಲವೇ ಗಂಟೆಗಳಲ್ಲಿ ಕುಸಿಯುತ್ತದೆ.

ಯಾವ ಹವಳ ಎಲ್ಲಿ ಎಂಬ ಪ್ರಶ್ನೆಗೆ ಮೊದಲು ಕಾನೂನಿನ ಮಾತು. ಭಾರತದಲ್ಲಿ ಸುಣ್ಣದ ಅಸ್ಥಿಪಂಜರ ಕಟ್ಟುವ ಎಲ್ಲ ಕಲ್ಲುಹವಳಗಳೂ, ಜೊತೆಗೆ ಕಪ್ಪು ಹವಳ, ಬೆಂಕಿ ಹವಳ, ಸಮುದ್ರದ ಬೀಸಣಿಗೆಗಳೂ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲ ಅನುಸೂಚಿಯಲ್ಲಿವೆ. ಹುಲಿಗೆ ಇರುವಷ್ಟೇ ರಕ್ಷಣೆ. ಮುರ್ಡೇಶ್ವರದ ಎದುರಿನ ನೇತ್ರಾಣಿಯಿಂದಾಗಲಿ, ಲಕ್ಷದ್ವೀಪದಿಂದಾಗಲಿ, ಮನ್ನಾರ್ ಕೊಲ್ಲಿಯಿಂದಾಗಲಿ ಒಂದು ತುಂಡು ತಂದರೂ ಅಪರಾಧ. ಕಲ್ಲುಹವಳದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ ಪರವಾನಗಿಯೂ ಬೇಕು. ಕಾಗದಪತ್ರ ತೋರಿಸದ ಮಾರಾಟಗಾರನ ಬಳಿ ಕಲ್ಲುಹವಳ ಕೊಳ್ಳದಿರುವುದೇ ಸರಿ.

ಹೊಸಬರಿಗೆ ಒಗ್ಗುವುದು ಗಟ್ಟಿ ಅಸ್ಥಿಪಂಜರವಿಲ್ಲದ ಮೆದು ಬಗೆಗಳು. ಅಣಬೆ ಹವಳಗಳಿಗೆ 50ರಿಂದ 100 ಪಾರ್ ಸಾಕು. ತಳದ ಕಲ್ಲಿನ ಪಕ್ಕ, ಅರೆನೆರಳಿನಲ್ಲಿ ಅಗಲವಾಗಿ ಅರಳುತ್ತವೆ. ಝೋವಾಂಥಿಡ್, ಲೆದರ್ ಹವಳಗಳಿಗೆ ನಡುವಿನ ಎತ್ತರ, 100ರಿಂದ 150. ಗ್ರೀನ್ ಸ್ಟಾರ್ ಪಾಲಿಪ್ ಎಲ್ಲಿಟ್ಟರೂ ಬೆಳೆಯುತ್ತದೆ, ಬದುವಿನ ಗರಿಕೆಯ ಹಾಗೆ ಪಕ್ಕದವರ ಮೇಲೂ ಹಬ್ಬುತ್ತದೆ. ಅದಕ್ಕೆ ಮರಳಿನ ನಡುವೆ ಒಂಟಿ ಕಲ್ಲೇ ಸರಿ. ಕಲ್ಲುಹವಳಗಳಲ್ಲಿ ದೊಡ್ಡ ಪಾಲಿಪ್‌ನ ಎಲ್‌ಪಿಎಸ್ ಗುಂಪಿಗೆ, ಅಂದರೆ ಹ್ಯಾಮರ್, ಫ್ರಾಗ್‌ಸ್ಪಾನ್, ಬ್ರೇನ್ ಹವಳಗಳಿಗೆ, ತೊಟ್ಟಿಯ ಕೆಳ ಅರ್ಧ. ಟ್ರಾಕಿಫಿಲಿಯಾ, ಫಂಜಿಯಾದಂಥವು ಕಡಲಲ್ಲೂ ಮರಳ ಮೇಲೆ ಬಿಡಿಯಾಗಿ ಬಿದ್ದಿರುವವು. ಅವನ್ನು ಕಲ್ಲಿನ ಮೇಲೆ ಏರಿಸಿದರೆ ಊದಿದ ಮೈ ಕಲ್ಲಿಗೆ ಉಜ್ಜಿ ಹರಿಯುತ್ತದೆ. ಅಕ್ರೋಪೋರಾದಂಥ ಸಣ್ಣ ಪಾಲಿಪ್‌ನ ಎಸ್‌ಪಿಎಸ್ ಹವಳಗಳಿಗೆ ಮೇಲಿನ ಕಲ್ಲುಗಳು, 200ರಿಂದ 350 ಪಾರ್. ಬಣ್ಣಕ್ಕೆ ಮರುಳಾಗಿ ಕೊಳ್ಳುವ ಡೆಂಡ್ರೋನೆಫ್ತಿಯಾ ಎಂಬ ಮೆದು ಹವಳದ ಮೈಯಲ್ಲಿ ಪಾಚಿಯೇ ಇಲ್ಲ. ಎಷ್ಟು ಬೆಳಕು ಕೊಟ್ಟರೂ ಅದಕ್ಕೆ ಪ್ರಯೋಜನವಿಲ್ಲ; ಬಿಡದೆ ಸೂಕ್ಷ್ಮ ಆಹಾರ ಸಿಗದೆ ಮನೆಯ ತೊಟ್ಟಿಗಳಲ್ಲಿ ಸೊರಗಿ ಸಾಯುತ್ತದೆ.

ಬೆಳಕಿನ ಜೊತೆಗೆ ನೀರಿನ ಸೆಳೆತವನ್ನೂ ನೋಡಬೇಕು. ಅಕ್ರೋಪೋರಾಕ್ಕೆ ದಿಕ್ಕು ಬದಲಿಸುತ್ತಿರುವ ಬಿರುಸಾದ ಸೆಳೆತ ಬೇಕು. ಹ್ಯಾಮರ್ ಹವಳದ ಗ್ರಹಣಾಂಗಗಳು ಮೆಲ್ಲಗೆ ಓಲಾಡುವಷ್ಟಿದ್ದರೆ ಸಾಕು. ಅವು ಒಂದೇ ಕಡೆಗೆ ಬಾಗಿ ನಿಂತಿದ್ದರೆ ನೀರು ತಳ್ಳುವ ವೇವ್ ಮೇಕರ್‌ನ ಸೆಳೆತ ನೇರವಾಗಿ ಬಡಿಯುತ್ತಿದೆ ಎಂದರ್ಥ. ಸೆಳೆತ ಕಡಿಮೆಯಾದ ಕಡೆ ಕಸ ಕೂತು ಅಡಿಯ ಮಾಂಸ ಕೊಳೆಯುತ್ತದೆ.

ನೆರೆಹೊರೆಯ ಜಗಳ ನಡೆಯುವುದು ಹೆಚ್ಚಾಗಿ ರಾತ್ರಿ. ದೀಪ ಆರಿ ಒಂದೆರಡು ಗಂಟೆಯಾದ ಮೇಲೆ ಕೆಂಪು ಟಾರ್ಚ್ ಹಿಡಿದರೆ, ಹಗಲಲ್ಲಿ ಅಂಗೈಯಗಲ ಕಾಣುವ ಗೆಲಾಕ್ಸಿಯಾ ಎಂಬ ಕಲ್ಲುಹವಳದ ಅಂಚಿನಿಂದ ಬಿಳಿ ತುದಿಯ ಪಾರದರ್ಶಕ ಎಳೆಗಳು ಗೇಣುದ್ದ ಚಾಚಿ, ಸೆಳೆತದ ದಿಕ್ಕಿಗೆ ತೇಲುತ್ತಿರುವುದು ಕಾಣುತ್ತದೆ. ಆ ತುದಿ ತಾಗಿದಲ್ಲಿ ಪಕ್ಕದ ಹವಳದ ಚರ್ಮ ಸುಡುತ್ತದೆ. ಆದ್ದರಿಂದ ಅಂತರ ಅಳೆಯಬೇಕಾದ್ದು ರಾತ್ರಿಯ ಚಾಚನ್ನು ನೋಡಿ, ಅದರಲ್ಲೂ ನೀರು ಹರಿದುಹೋಗುವ ಕಡೆ ಹೆಚ್ಚು. ಹ್ಯಾಮರ್, ಫ್ರಾಗ್‌ಸ್ಪಾನ್ ಹವಳಗಳಿಗೆ 15 ಸೆಂಟಿಮೀಟರ್ ಬಿಟ್ಟರೆ ಸಾಮಾನ್ಯವಾಗಿ ಸಾಕು, ಗೆಲಾಕ್ಸಿಯಾಕ್ಕೆ ಸಾಲದು. ಫೇವಿಯಾ, ಫೇವೈಟಿಸ್ ಎಂಬ ಕಲ್ಲುಹವಳಗಳು ಹೊಟ್ಟೆಯೊಳಗಿನ ತಂತುಗಳನ್ನೇ ಹೊರಚಾಚಿ ನೆರೆಯವರನ್ನು ಜೀರ್ಣಿಸುತ್ತವೆ. ಲೆದರ್ ಹವಳಗಳು ಮುಟ್ಟದೆಯೇ ನೀರಿಗೆ ರಾಸಾಯನಿಕ ಬಿಡುತ್ತವೆ. ಅವುಗಳ ಜೊತೆ ಕಲ್ಲುಹವಳ ಇದ್ದರೆ ಫಿಲ್ಟರಿನಲ್ಲಿ ಸಕ್ರಿಯ ಇದ್ದಿಲು ಇರಲಿ.

ಜಾಗ ಗೊತ್ತಾದಮೇಲೆ ಎರಡು-ಮೂರು ವಾರ ತುಂಡನ್ನು ಅಂಟಿಸದೆ ಇಟ್ಟು ನೋಡಿ, ಒಗ್ಗಿದೆ ಎನಿಸಿದಾಗ ಗಟ್ಟಿ ಜೆಲ್ ರೂಪದ ಸೂಪರ್ ಗ್ಲೂ ಅಥವಾ ಎಪಾಕ್ಸಿಯಿಂದ ಕೂರಿಸಬಹುದು. ದಿನಕ್ಕೊಂದು ಕಡೆ ಸರಿಸುವುದರಿಂದ ಹವಳ ಎಲ್ಲಿಯೂ ನೆಲೆಗೊಳ್ಳುವುದಿಲ್ಲ. ಝೋವಾಂಥಿಡ್ ಮುಟ್ಟುವಾಗ ಕೈಗವಸು, ಕನ್ನಡಕ ಕಡ್ಡಾಯ: ಕೆಲವು ಬಗೆಗಳಲ್ಲಿ ಪಾಲಿಟಾಕ್ಸಿನ್ ಎಂಬ ತೀವ್ರ ವಿಷವಿದ್ದು, ಅವು ಹತ್ತಿದ ಕಲ್ಲನ್ನು ಕುದಿಸಿದರೆ ಹಬೆಯೇ ಮನೆಮಂದಿಯನ್ನು ಆಸ್ಪತ್ರೆಗೆ ಸೇರಿಸಬಲ್ಲದು.

ಹವಳ ಬೆಳೆದಂತೆ ಬೆಳಕಿನ ನಕ್ಷೆ ಬದಲಾಗುತ್ತದೆ. ತಟ್ಟೆಯಂತೆ ಹರಡುವ ಮೊಂಟಿಪೋರಾ ಕೆಳಗಿನವುಗಳ ಬೆಳಕನ್ನು ತಡೆಯುತ್ತದೆ, ಲೆದರ್ ಹವಳದ ಕೊಡೆ ಅಗಲವಾಗುತ್ತದೆ, ದೀಪದ ಗಾಜಿನ ಮೇಲೆ ಉಪ್ಪು ಕಟ್ಟುತ್ತದೆ. ವಾರಕ್ಕೊಮ್ಮೆ ಗಾಜು ಒರೆಸಿ, ಆರು ತಿಂಗಳಿಗೊಮ್ಮೆ ಪಾರ್ ಅಳೆದು, ಅಗತ್ಯ ಬಿದ್ದಾಗ ಕತ್ತರಿಸಬೇಕು. ಹಾಗೆ ಕತ್ತರಿಸಿದ ತುಂಡನ್ನು ತಾಯಿಯ ಎತ್ತರಕ್ಕೇ ನೇರವಾಗಿ ಏರಿಸದೆ, ಗಾಯ ಮಾಯುವವರೆಗೆ ಕೆಳಗಿನ ಮಂದ ಬೆಳಕಿನಲ್ಲಿಟ್ಟು ಆಮೇಲೆ ಮೇಲಕ್ಕೆ ಸರಿಸುವುದು ರೂಢಿ.