ಮೂರು ತಿಂಗಳೊಳಗಿನ ಆ ಮೊದಲ ಬಿಪಿ

ಗರ್ಭ ನಿಂತ ಮೊದಲ ವಾರಗಳಲ್ಲೇ ರಕ್ತದೊತ್ತಡ ನೋಡಿಸಿ ಬರೆಸಿಡಬೇಕು. ಯಾಕೆ? ಏರಿದ್ದರೆ ಮುಂದೇನು?

ನಮ್ಮ ಕಡೆ ಮೂರು ತಿಂಗಳು ತುಂಬುವವರೆಗೆ ಬಸಿರಿನ ಸುದ್ದಿ ಹೊಸ್ತಿಲು ದಾಟುವುದಿಲ್ಲ. ದೃಷ್ಟಿಯಾದೀತು, ಮೊದಲು ಗಟ್ಟಿಯಾಗಿ ನಿಲ್ಲಲಿ, ಐದರಲ್ಲಿ ಒಂದು ಸ್ಕ್ಯಾನ್ ಮಾಡಿಸಿದರಾಯಿತು ಎನ್ನುತ್ತಾರೆ ಹಿರಿಯರು. ಎಳೆಯ ಗರ್ಭ ಇಳಿದುಹೋದಾಗ ಕೇಳಿದವರಿಗೆಲ್ಲ ಉತ್ತರ ಹೇಳುತ್ತ ಕೂರುವ ಸಂಕಟ ಕಂಡವರ ಮಾತು ಅದು. ಊರಿಗೆ ಹೇಳದಿದ್ದರೆ ನಷ್ಟವೇನಿಲ್ಲ. ಆದರೆ ಆಶಾ ಕಾರ್ಯಕರ್ತೆಗೂ ಹೇಳದೆ, ಡಾಕ್ಟರ ಬಳಿಯೂ ಹೋಗದೆ ಆ ಮೂರು ತಿಂಗಳು ಕಳೆದರೆ, ಇಡೀ ಬಸಿರಿನಲ್ಲಿ ಮತ್ತೆಂದೂ ಸಿಗದ ಒಂದು ಅಳತೆ ಕೈತಪ್ಪಿ ಹೋಗುತ್ತದೆ.

ಕಾರಣ ಮೈಯೊಳಗೇ ಇದೆ. ಗರ್ಭ ನಿಂತ ಕೆಲವೇ ವಾರಗಳಲ್ಲಿ ಹಾರ್ಮೋನುಗಳ ಪ್ರಭಾವದಿಂದ ರಕ್ತನಾಳಗಳು ಸಡಿಲಾಗುತ್ತವೆ. ಬಿಪಿ ಸ್ವಲ್ಪ ಸ್ವಲ್ಪವೇ ಇಳಿಯುತ್ತ ಹೋಗಿ, ನಾಲ್ಕು–ಐದನೇ ತಿಂಗಳ ಹೊತ್ತಿಗೆ ಅತಿ ಕೆಳಗಿನ ಮಟ್ಟ ಮುಟ್ಟುತ್ತದೆ. ಅಲ್ಲಿಂದ ಮತ್ತೆ ಏರುತ್ತ, ಹೆರಿಗೆ ಹತ್ತಿರವಾದಂತೆ ಹಳೆಯ ಜಾಗಕ್ಕೆ ಬಂದು ನಿಲ್ಲುತ್ತದೆ. ಮದುವೆಗೆ ಮೊದಲಿನಿಂದಲೇ ಬಿಪಿ ಇದ್ದು, ಅದು ತನಗೇ ಗೊತ್ತಿಲ್ಲದ ಹೆಣ್ಣಿನಲ್ಲೂ ಹೀಗೇ ಆಗುತ್ತದೆ. ಅವಳು ಮೊದಲ ಸಲ 18ನೇ ವಾರದಲ್ಲಿ ತಪಾಸಣೆಗೆ ಬಂದಳೆನ್ನಿ. ಯಂತ್ರ 128/80 ತೋರಿಸುತ್ತದೆ, ತಾಯಿ ಕಾರ್ಡಿನಲ್ಲಿ ಹಾಗೇ ಬರೆಯುತ್ತಾರೆ, ಎಲ್ಲರಿಗೂ ಸಮಾಧಾನ. 32ನೇ ವಾರದಲ್ಲಿ ಅದೇ ತೋಳಿನಲ್ಲಿ 150/100 ಬರುತ್ತದೆ. ಇದು ಹಳೆಯ ಬಿಪಿ ತನ್ನ ಜಾಗಕ್ಕೆ ವಾಪಸಾದದ್ದೋ, ಗರ್ಭದಿಂದಾಗಿ ಬಿಪಿ ಏರಿ ಹೊಸದಾಗಿ ಹತ್ತಿಕೊಂಡ ಪ್ರಿಎಕ್ಲಾಂಪ್ಸಿಯಾ ಕಾಯಿಲೆಯ ಶುರುವೋ? ಹಳೆಯದಾದರೆ ಮಾತ್ರೆ ಸರಿಮಾಡಿ ಮಗು ಬೆಳೆಯಲು ಸಮಯ ಕೊಡಬಹುದು. ಪ್ರಿಎಕ್ಲಾಂಪ್ಸಿಯಾ ಆದರೆ ಮೂತ್ರಪಿಂಡ, ಯಕೃತ್ತು, ಮಿದುಳು ಎಲ್ಲವೂ ಅಪಾಯದಲ್ಲಿರುತ್ತವೆ, ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಬೇಕಾಗಿ ಬರಬಹುದು. ಎಂಟನೇ ವಾರದ ಒಂದು ಅಳತೆ ಕಾರ್ಡಿನಲ್ಲಿ ಇದ್ದಿದ್ದರೆ ಡಾಕ್ಟರಿಗೆ ಅರ್ಧ ಉತ್ತರ ಅಲ್ಲೇ ಸಿಗುತ್ತಿತ್ತು.

ವೈದ್ಯರು ಗೆರೆ ಎಳೆದಿರುವುದು 20ನೇ ವಾರಕ್ಕೆ. ಅದಕ್ಕೆ ಮೊದಲೇ ಎರಡು ಬೇರೆ ಬೇರೆ ಸಲ ನೋಡಿದಾಗ 140/90 ಅಥವಾ ಅದಕ್ಕಿಂತ ಹೆಚ್ಚು ಕಂಡರೆ ಅದು ಮೊದಲಿನಿಂದ ಇದ್ದ ಬಿಪಿ. ಆಮೇಲೆ ಹೊಸದಾಗಿ ಕಾಣಿಸಿಕೊಂಡರೆ ಗರ್ಭದಿಂದಾಗಿ ಬಂದದ್ದು ಎಂದು ಲೆಕ್ಕ. 160/110 ಮುಟ್ಟಿತೆಂದರೆ ಯಾವ ತಿಂಗಳೇ ಆಗಲಿ ತುರ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಮೊದಲ ಮೂರು ತಿಂಗಳಲ್ಲಿ ತಪಾಸಣೆ ಮಾಡಿಸಿಕೊಂಡ ತಾಯಂದಿರು ನೂರಕ್ಕೆ 70. ಉಳಿದ 30 ಮಂದಿಯ ಕಾರ್ಡಿನಲ್ಲಿ ಆ ಮೊದಲ ಅಳತೆಯೇ ಇಲ್ಲ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆಗೆ ಹೋದರಾಯಿತು ಎಂದುಕೊಳ್ಳುವವರಿದ್ದಾರೆ. ಆ ಯೋಜನೆ ರೂಪಿಸಿರುವುದು ನಾಲ್ಕನೇ ತಿಂಗಳಿಂದ ಮುಂದಿನವರಿಗೆ. ಅದಕ್ಕಾಗಿ ಕಾಯಬಾರದು. ಮುಟ್ಟು ನಿಂತು ಪರೀಕ್ಷೆಯಲ್ಲಿ ಗರ್ಭ ಖಾತ್ರಿಯಾದ ವಾರವೇ ಹತ್ತಿರದ ಪಿಎಚ್‌ಸಿಗೆ ಹೋಗಬಹುದು.

ಹೋದ ಮೇಲೆ ಅಳತೆ ಸರಿಯಾಗಿ ಆಗಬೇಕಲ್ಲ. ತುಂಬಿದ ಒಪಿಡಿಯಲ್ಲಿ ಏನಾಗುತ್ತದೆ ನೋಡಿ. ಬಿಸಿಲಲ್ಲಿ ನಡೆದು, ಬಸ್ಸಿನಲ್ಲಿ ನಿಂತು ಬಂದವಳನ್ನು ಸರದಿ ಬಂದ ಕೂಡಲೇ ಎತ್ತರದ ಮಂಚದ ಮೇಲೆ ಕೂರಿಸುತ್ತಾರೆ. ಕಾಲು ಜೋತಾಡುತ್ತಿರುತ್ತವೆ, ಬೆನ್ನಿಗೆ ಆಸರೆ ಇಲ್ಲ. ರವಿಕೆಯ ಬಿಗಿ ತೋಳನ್ನು ಸುರುಳಿ ಮಾಡಿ ರಟ್ಟೆಗೆ ಏರಿಸಿ ಅದರ ಕೆಳಗೆ ಪಟ್ಟಿ ಸುತ್ತುತ್ತಾರೆ, ಇಲ್ಲವೇ ಚೂಡಿದಾರದ ಬಟ್ಟೆಯ ಮೇಲೇ ಸುತ್ತುತ್ತಾರೆ. ಪಟ್ಟಿ ಉಬ್ಬುತ್ತಿರುವಾಗಲೇ ಸಿಸ್ಟರ್ “ಕೊನೇ ಮುಟ್ಟು ಯಾವಾಗಮ್ಮಾ?” ಎಂದು ಕೇಳುತ್ತಾರೆ, ಇವಳು ಬೆರಳು ಮಡಿಸಿ ಲೆಕ್ಕ ಹಾಕಿ ಹೇಳುತ್ತಾಳೆ. ಮೂತ್ರಕ್ಕೆ ಬೇರೆ ಅವಸರವಾಗಿರುತ್ತದೆ, ಪರೀಕ್ಷೆಗೆ ಕೊಡಬೇಕೆಂದು ತಡೆದುಕೊಂಡಿರುತ್ತಾಳೆ. ಇವುಗಳಲ್ಲಿ ಒಂದೊಂದೂ ಅಳತೆಯನ್ನು ಒಂದಿಷ್ಟು ಮೇಲಕ್ಕೆ ತಳ್ಳುತ್ತದೆ. ಮಾತಾಡುತ್ತ ಇದ್ದರೇ ಹತ್ತು ಪಾಯಿಂಟ್‌ವರೆಗೆ ಏರಬಹುದು.

ಆದ್ದರಿಂದ ಮೊದಲು ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಎರಡೂ ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಬೇಕು. ಅರ್ಧ ಗಂಟೆ ಮೊದಲಿನಿಂದ ಕಾಫಿ, ಟೀ ಬೇಡ. ತೋಳು ಮೇಜಿನ ಮೇಲೆ ಎದೆಯ ಮಟ್ಟಕ್ಕಿರಲಿ, ಪಟ್ಟಿ ಬರಿ ಮೈಗೆ ತಾಗಲಿ. ತೋಳು ದಪ್ಪವಿದ್ದವರಿಗೆ ದೊಡ್ಡ ಪಟ್ಟಿಯೇ ಬೇಕು, ಚಿಕ್ಕದು ಸುತ್ತಿದರೆ ಇಲ್ಲದ ಬಿಪಿ ಇದೆಯೆಂದು ತೋರಿಸುತ್ತದೆ. ಮೊದಲ ಭೇಟಿಯಲ್ಲಿ ಎರಡೂ ತೋಳಿನಲ್ಲಿ ನೋಡಬೇಕೆಂಬುದಕ್ಕೂ ಕಾರಣವಿದೆ. ಎರಡರ ನಡುವೆ ತುಂಬ ವ್ಯತ್ಯಾಸ ಕಂಡರೆ ದೊಡ್ಡ ರಕ್ತನಾಳಗಳೇ ಊದಿಕೊಂಡು ಕಿರಿದಾಗುವ ತಕಯಾಸು ಕಾಯಿಲೆ ಇದೆಯೇ ಎಂದು ನೋಡಬೇಕಾಗುತ್ತದೆ. ಎಳೆ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಅದು ಕಾಣಿಸಿಕೊಳ್ಳುತ್ತದೆ.

ಇಪ್ಪತ್ತೈದರ ಹುಡುಗಿಗೆ ಬಿಪಿ ಇದೆ ಎಂದರೆ ಯಾಕೆ ಎಂದು ಕೇಳಲೇಬೇಕು. ಮೂತ್ರಪಿಂಡದ ತೊಂದರೆ, ಥೈರಾಯ್ಡ್, ಮೈಯ ರಕ್ಷಣಾ ವ್ಯವಸ್ಥೆ ತನ್ನ ಮೈಗೇ ತಿರುಗಿಬೀಳುವ ಲೂಪಸ್ ಯಾವುದೂ ಇರಬಹುದು. ಹಾಗಾಗಿಯೇ ಮೊದಲ ಭೇಟಿಯಲ್ಲಿ ಕ್ರಿಯಾಟಿನಿನ್, ಯಕೃತ್ತಿನ ಪರೀಕ್ಷೆ, ಪ್ಲೇಟ್‌ಲೆಟ್ ಎಣಿಕೆ, ಸಕ್ಕರೆ, ಮೂತ್ರದಲ್ಲಿ ಪ್ರೋಟೀನ್ ಎಷ್ಟು ಹೋಗುತ್ತಿದೆ ಎಂಬುದನ್ನೆಲ್ಲ ನೋಡುತ್ತಾರೆ. “ಏನೂ ಆಗಿಲ್ಲದವಳಿಗೆ ಇಷ್ಟೊಂದು ಟೆಸ್ಟ್ ಯಾಕೆ?” ಎಂದು ಮನೆಯವರು ಬೇಸರಪಡುವುದುಂಟು. ಏನೂ ಆಗದಿದ್ದಾಗಿನ ಅಂಕಿಗಳೇ ಇಲ್ಲಿ ಬೇಕಾದದ್ದು. ಎಂಟನೇ ತಿಂಗಳಲ್ಲಿ ಮೂತ್ರದಲ್ಲಿ ಪ್ರೋಟೀನ್ ಕಂಡಾಗ, ಅದು ಮೊದಲೇ ಇತ್ತೇ ಎಂದು ಹೇಳುವ ಬೇರೆ ಸಾಕ್ಷಿ ಇರುವುದಿಲ್ಲ.

ಹದಿನಾರನೇ ವಾರದ ಗಡುವು

ಮೊದಲ ತಿಂಗಳುಗಳ ಮೇಲೆ ಇಷ್ಟು ಒತ್ತು ಕೊಡಲು ಇನ್ನೊಂದು ಕಾರಣವೂ ಇದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಮಗುವಿಗೆ ಆಹಾರ, ಉಸಿರು ಒದಗಿಸುವ ಮಾಸು ಬೇರೂರುವಾಗ ಅದರ ಜೀವಕೋಶಗಳು ಗರ್ಭಕೋಶದ ಸುರುಳಿ ರಕ್ತನಾಳಗಳೊಳಗೆ ಇಳಿದು, ಗದ್ದೆಗೆ ನೀರು ಸಾಲದೆಂದು ಕಾಲುವೆ ಅಗಲ ಮಾಡಿದ ಹಾಗೆ, ಅವುಗಳ ಗೋಡೆಯನ್ನೇ ಬದಲಿಸಿ ಅಗಲ ಮಾಡುತ್ತವೆ. ಈ ಕೆಲಸ ಹೆಚ್ಚುಕಡಿಮೆ ಐದನೇ ತಿಂಗಳ ಹೊತ್ತಿಗೆ ಮುಗಿದುಹೋಗುತ್ತದೆ. ಅದು ಅರೆಬರೆಯಾದವರಲ್ಲಿ ಮಾಸಿಗೆ ರಕ್ತ ಸಾಲದೆ, ತಿಂಗಳುಗಳ ನಂತರ ಪ್ರಿಎಕ್ಲಾಂಪ್ಸಿಯಾ ತಲೆ ಎತ್ತುತ್ತದೆ. ರೋಗ ಕಾಣಿಸುವುದು ಏಳು–ಎಂಟರಲ್ಲಿ, ಅದರ ಬೀಜ ಬಿದ್ದದ್ದು ಮೂರು–ನಾಲ್ಕರಲ್ಲಿ.

ಇಲ್ಲೇ ಆಸ್ಪಿರಿನ್ ಉಪಯೋಗಕ್ಕೆ ಬರುವುದು. ಹೃದಯದ ತೊಂದರೆಯ ಅಜ್ಜನಿಗೆ ದಿನಾ ಕೊಡುವ ಅದೇ ಚಿಕ್ಕ ಮಾತ್ರೆ. ಅಪಾಯ ಹೆಚ್ಚಿರುವ ಗರ್ಭಿಣಿಯರಿಗೆ 11ರಿಂದ 14ನೇ ವಾರದೊಳಗೆ ಶುರುಮಾಡಿ 36ನೇ ವಾರದವರೆಗೆ ದಿನಾ ರಾತ್ರಿ 150 ಮಿಲಿಗ್ರಾಂ ಕೊಟ್ಟು ನೋಡಿದ ಆಸ್ಪ್ರೆ ಎಂಬ ಯುರೋಪಿನ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಬೇಕಾದಂಥ ಪ್ರಿಎಕ್ಲಾಂಪ್ಸಿಯಾ ಸುಳ್ಳು ಮಾತ್ರೆ ನುಂಗಿದವರಲ್ಲಿ ನೂರಕ್ಕೆ 4.3 ಇದ್ದರೆ, ಆಸ್ಪಿರಿನ್ ತೆಗೆದುಕೊಂಡವರಲ್ಲಿ 1.6ಕ್ಕೆ ಇಳಿದಿತ್ತು. 2020ರಲ್ಲಿ ಹೊರಬಂದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ನಮ್ಮ ಬೆಳಗಾವಿಯೂ ಇತ್ತು. ಆರು ದೇಶಗಳ ಸುಮಾರು 12 ಸಾವಿರ ಚೊಚ್ಚಲ ಬಸುರಿಯರಲ್ಲಿ ಅರ್ಧದಷ್ಟು ಜನಕ್ಕೆ 14ನೇ ವಾರದೊಳಗೇ ಶುರುಮಾಡಿದ 81 ಮಿಲಿಗ್ರಾಂ ಆಸ್ಪಿರಿನ್, ಅವಧಿಪೂರ್ವ ಹೆರಿಗೆಯನ್ನು ನೂರಕ್ಕೆ 13.1ರಿಂದ 11.6ಕ್ಕೆ ಇಳಿಸಿತು. ಕೆಲವೇ ಪೈಸೆಯ ಮಾತ್ರೆ, ಆದರೆ 16ನೇ ವಾರ ದಾಟಿದರೆ ಅದರ ಪ್ರಯೋಜನ ಕಡಿಮೆಯಾಗುತ್ತ ಹೋಗುತ್ತದೆ. ಐದನೇ ತಿಂಗಳಲ್ಲಿ ಮೊದಲ ಸಲ ಬಂದವಳಿಗೆ ಈ ಅವಕಾಶ ಆಗಲೇ ಬಹುಪಾಲು ಕೈತಪ್ಪಿರುತ್ತದೆ.

ಆಸ್ಪಿರಿನ್ ಎಲ್ಲರಿಗೂ ಬೇಕೆಂದಲ್ಲ. ಮೊದಲಿನಿಂದ ಬಿಪಿ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಲೂಪಸ್ ಇದ್ದವರು, ಹಿಂದಿನ ಬಸಿರಿನಲ್ಲಿ ಬಿಪಿ ಏರಿದ್ದವರು, ಅವಳಿ ಹೊತ್ತವರು ಡಾಕ್ಟರನ್ನು ಕೇಳಲೇಬೇಕು. ತಾಯಿಗೋ ಅಕ್ಕನಿಗೋ ಹೆರಿಗೆಯಲ್ಲಿ ಫಿಟ್ಸ್ ಬಂದಿತ್ತೆಂದರೆ ಅದನ್ನೂ ಮುಚ್ಚಿಡದೆ ಹೇಳಬೇಕು. ತವರಿನ ಹಳೆ ಸಂಗತಿ ಅತ್ತೆಮನೆಯವರ ಮುಂದೆ ಯಾಕೆ ಎಂದು ಸುಮ್ಮನಾಗುವ ಹೆಣ್ಣುಮಕ್ಕಳಿದ್ದಾರೆ. ಡಾಕ್ಟರ ಹತ್ತಿರ ಒಬ್ಬಳೇ ಮಾತಾಡಲು ಐದು ನಿಮಿಷ ಕೇಳಿ ಪಡೆಯಿರಿ.

ಬಿಡಬೇಕಾದ ಮಾತ್ರೆ, ಬಿಡಬಾರದ ಮಾತ್ರೆ

ಮೊದಲೇ ಬಿಪಿ ಮಾತ್ರೆ ನುಂಗುತ್ತಿದ್ದವರು ಗರ್ಭ ನಿಂತ ಕೂಡಲೇ ಎರಡರಲ್ಲಿ ಒಂದು ತಪ್ಪು ಮಾಡುವುದುಂಟು. ಕೆಲವರು ಮಗುವಿಗೆ ಆಗಿಬರುವುದಿಲ್ಲವೆಂದು ತಾವೇ ಎಲ್ಲ ನಿಲ್ಲಿಸಿಬಿಡುತ್ತಾರೆ. ಇನ್ನು ಕೆಲವರು ಹಳೆಯ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಅದನ್ನೇ ತರುತ್ತಿರುತ್ತಾರೆ. ನಮ್ಮಲ್ಲಿ ಬಿಪಿಗೆ ಬಹಳ ಬಳಕೆಯಲ್ಲಿರುವ ಟೆಲ್ಮಿಸಾರ್ಟನ್, ಲೋಸಾರ್ಟನ್, ಹಾಗೆಯೇ ಎನಾಲಾಪ್ರಿಲ್, ರಾಮಿಪ್ರಿಲ್ ಬಸಿರಿನಲ್ಲಿ ಸಲ್ಲದ ಔಷಧಿಗಳು. ನಾಲ್ಕನೇ ತಿಂಗಳಿಂದ ಮುಂದೆ ಅವು ಮಗುವಿನ ಮೂತ್ರಪಿಂಡಕ್ಕೇ ಪೆಟ್ಟುಕೊಟ್ಟು, ಸುತ್ತಲಿನ ನೀರು ಬತ್ತಿಸುತ್ತವೆ. ಅಟೆನೊಲಾಲ್ ಮಗುವಿನ ಬೆಳವಣಿಗೆ ಕುಗ್ಗಿಸಬಹುದು. ಇವನ್ನು ನುಂಗುತ್ತಿದ್ದರೆ ಗರ್ಭ ಗೊತ್ತಾದ ದಿನವೇ ಡಾಕ್ಟರಿಗೆ ಫೋನು ಮಾಡಿ ಬದಲಿಸಿಕೊಳ್ಳಬೇಕು. ಮಗು ಬೇಕೆಂದು ಯೋಚಿಸುವಾಗಲೇ ಬದಲಿಸಿಕೊಂಡರೆ ಇನ್ನೂ ಒಳ್ಳೆಯದು.

ಬದಲಿಗೆ ಕೊಡುವುದು ಮುಖ್ಯವಾಗಿ ಮೂರು: ಲಾಬೆಟಲಾಲ್, ನಿಧಾನವಾಗಿ ಕರಗುವ ನಿಫೆಡಿಪಿನ್, ಮೀಥೈಲ್‌ಡೋಪ. ಉಬ್ಬಸ ಇದ್ದವರು ಅದನ್ನು ಮೊದಲೇ ಹೇಳಬೇಕು, ಅವರಿಗೆ ಲಾಬೆಟಲಾಲ್ ಆಗುವುದಿಲ್ಲ. ಮೀಥೈಲ್‌ಡೋಪ ಹಳೆಯ ನಂಬಿಕಸ್ಥ ಔಷಧಿ, ತೂಕಡಿಕೆ ತರುತ್ತದೆ. ನಾಗಪುರದ ಎರಡು ಸರ್ಕಾರಿ ಆಸ್ಪತ್ರೆಗಳಲ್ಲಿ, ಬಿಪಿ ತೀವ್ರವಾಗಿ ಏರಿದ್ದ ಸುಮಾರು 900 ಗರ್ಭಿಣಿಯರಿಗೆ ಈ ಮೂರರಲ್ಲಿ ಒಂದನ್ನು ಬಾಯಿಂದಲೇ ಕೊಟ್ಟು ನೋಡಿದ ಅಧ್ಯಯನ 2019ರಲ್ಲಿ ಬಂತು. ಮೂರೂ ಕೆಲಸ ಮಾಡಿದವು, ನಿಫೆಡಿಪಿನ್ ಒಂದು ಹೆಜ್ಜೆ ಮುಂದಿತ್ತು. ಡ್ರಿಪ್ ಹಾಕಿ ನೋಡಿಕೊಳ್ಳುವ ಸೌಲಭ್ಯವಿಲ್ಲದ ಹಳ್ಳಿ ಆಸ್ಪತ್ರೆಗಳಿಗೆ ಇದು ದೊಡ್ಡ ಬಲ.

ಸ್ವಲ್ಪವೇ ಏರಿದ್ದರೆ ಮಾತ್ರೆ ಬೇಕೇ ಎಂಬುದು ಬಹಳ ಕಾಲ ಇತ್ಯರ್ಥವಾಗದೆ ಉಳಿದಿತ್ತು. ಬಿಪಿ ಇಳಿಸಿದರೆ ಮಗುವಿಗೆ ರಕ್ತ ಕಡಿಮೆಯಾಗಿ ಬೆಳವಣಿಗೆ ನಿಂತೀತು ಎಂಬ ಅಂಜಿಕೆಯಿಂದ ಅಮೆರಿಕದಂಥ ಕಡೆಯೂ 160 ಮುಟ್ಟುವವರೆಗೆ ಕಾಯುವ ರೂಢಿಯಿತ್ತು. 2022ರಲ್ಲಿ ಪ್ರಕಟವಾದ ಚಾಪ್ ಅಧ್ಯಯನ ಆ ಅಂಜಿಕೆಯನ್ನು ನೇರವಾಗಿ ಪರೀಕ್ಷಿಸಿತು. 2,408 ಮಹಿಳೆಯರಲ್ಲಿ ಅರ್ಧದಷ್ಟು ಜನಕ್ಕೆ ಬಿಪಿ 140/90ರೊಳಗೇ ಇರುವಂತೆ ಮಾತ್ರೆ ಕೊಟ್ಟರು. ಅವರಲ್ಲಿ ತೀವ್ರ ಪ್ರಿಎಕ್ಲಾಂಪ್ಸಿಯಾ, ವೈದ್ಯಕೀಯ ಕಾರಣಕ್ಕೆ ಬೇಗ ಮಾಡಿಸಬೇಕಾದ ಹೆರಿಗೆ, ಮಾಸು ಕಳಚುವುದು, ಮಗುವಿನ ಸಾವು ಇವುಗಳಲ್ಲಿ ಯಾವುದಾದರೊಂದು ಸಂಭವಿಸಿದ್ದು ನೂರಕ್ಕೆ 30.2. ಮಾತ್ರೆಯಿಲ್ಲದೆ ಕಾದ ಗುಂಪಿನಲ್ಲಿ 37. ಸಣ್ಣ ತೂಕದ ಮಕ್ಕಳ ಪ್ರಮಾಣ ಎರಡೂ ಕಡೆ ಹತ್ತಿರ ಹತ್ತಿರವೇ ಇತ್ತು. ಮಾತ್ರೆ ನುಂಗಿದರೆ ಮಗು ಸೊರಗುತ್ತದೆ ಎಂದು ಮನೆಯಲ್ಲಿ ಹೇಳುವವರಿಗೆ ಕೊಡಬಹುದಾದ ಉತ್ತರ ಇದು.

ಊಟದ ವಿಷಯಕ್ಕೆ ಬಂದರೆ, ಉಪ್ಪು ಪೂರ್ತಿ ಬಿಟ್ಟು ಸಪ್ಪೆ ಉಣ್ಣಿಸುವುದು ಪ್ರಿಎಕ್ಲಾಂಪ್ಸಿಯಾ ತಡೆಯುವುದಿಲ್ಲ. ವಾಂತಿಯಿಂದ ಮೊದಲೇ ಬಾಡಿದವಳು ಊಟವನ್ನೇ ಬಿಟ್ಟಾಳು. ಹಪ್ಪಳ, ಉಪ್ಪಿನಕಾಯಿ, ಬಾಳಕ, ಬೇಕರಿ ತಿನಿಸು ಕಡಿಮೆ ಮಾಡಿದರೆ ಸಾಕು. ಬಯಕೆಯ ಮಾವಿನಕಾಯಿ ಹೋಳು ತಿನ್ನಲಿ, ಅದರ ಮೇಲಿನ ಉಪ್ಪು ಚಿಟಿಕೆಯಷ್ಟಿರಲಿ. ಕ್ಯಾಲ್ಸಿಯಂ ಮಾತ್ರ ಕಡೆಗಣಿಸಬಾರದು. ಆಹಾರದಲ್ಲಿ ಅದು ಕಡಿಮೆಯಿರುವ ಕಡೆ ಮಾತ್ರೆ ಕೊಟ್ಟಾಗ ಪ್ರಿಎಕ್ಲಾಂಪ್ಸಿಯಾ ಇಳಿದಿದೆ. ಎಷ್ಟು ಸಾಕು ಎಂಬುದಕ್ಕೆ ಉತ್ತರ ಸಿಕ್ಕಿದ್ದರಲ್ಲಿ ಬೆಂಗಳೂರಿನ ಪಾಲೂ ಇದೆ. ಇಲ್ಲಿ 11 ಸಾವಿರ, ತಾಂಜಾನಿಯಾದಲ್ಲಿ ಅಷ್ಟೇ ಚೊಚ್ಚಲ ಗರ್ಭಿಣಿಯರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರಿಎಕ್ಲಾಂಪ್ಸಿಯಾ ತಡೆಯುವಲ್ಲಿ ದಿನಕ್ಕೆ 500 ಮಿಲಿಗ್ರಾಂ ಕ್ಯಾಲ್ಸಿಯಂ 1,500 ಮಿಲಿಗ್ರಾಂಗೆ ಕಡಿಮೆಯೇನಿರಲಿಲ್ಲ. ನೂರು ಗ್ರಾಂ ರಾಗಿಯಲ್ಲೇ 350 ಮಿಲಿಗ್ರಾಂ ಆಸುಪಾಸು ಇದೆ. ಆಸ್ಪತ್ರೆಯಲ್ಲಿ ಕೊಡುವ ಕ್ಯಾಲ್ಸಿಯಂ ಮಾತ್ರೆಯನ್ನು ಊಟದ ಜೊತೆ, ಕಬ್ಬಿಣಾಂಶದ ಮಾತ್ರೆಯನ್ನು ಬೇರೆ ಹೊತ್ತಿಗೆ ನುಂಗಬೇಕು. ಒಟ್ಟಿಗೆ ನುಂಗಿದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಸೇರುವುದಿಲ್ಲ. ಹಾಸಿಗೆ ಹಿಡಿಸಿ ಮಲಗಿಸಿಡುವುದರಿಂದ ಬಿಪಿಗೆ ಪ್ರಯೋಜನವಿಲ್ಲ, ಡಾಕ್ಟರು ಬೇಡವೆನ್ನದಿದ್ದರೆ ಸಂಜೆಯ ನಡಿಗೆ ಬಿಡುವುದು ಬೇಡ.

ಮನೆಯಲ್ಲಿ ಬಿಪಿ ಯಂತ್ರ ಇಟ್ಟುಕೊಳ್ಳಬಹುದು. ಮಣಿಕಟ್ಟಿಗೆ ಕಟ್ಟುವುದು ಬೇಡ, ತೋಳಿಗೆ ಸುತ್ತುವುದನ್ನೇ ಕೊಂಡು, ಒಮ್ಮೆ ಆಸ್ಪತ್ರೆಗೆ ಒಯ್ದು ಅಲ್ಲಿನ ಅಳತೆಯ ಜೊತೆ ಹೋಲಿಸಿ ನೋಡಿ. ಬೆಳಗ್ಗೆ, ಸಂಜೆ ನೋಡಿ ಒಂದು ಪುಸ್ತಕದಲ್ಲಿ ಬರೆದಿಡಿ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಬಲಪಕ್ಕೆಯ ಕೆಳಗೆ ನೋವು, ಉಸಿರು ಕಟ್ಟುವುದು, ಮುಖ ದಿಢೀರ್ ಊದುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಬೇಕು.

ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ನಡೆದ ಕ್ಲಿಪ್ ಎಂಬ ಅಧ್ಯಯನದಲ್ಲಿ ಆಶಾ ಕಾರ್ಯಕರ್ತೆಯರು ಮತ್ತು ಸಿಸ್ಟರ್‌ಗಳು ಬಿಪಿ ಯಂತ್ರ, ಟ್ಯಾಬ್ಲೆಟ್ ಹಿಡಿದು ಮನೆಮನೆಗೆ ಹೋಗಿ ಗರ್ಭಿಣಿಯರನ್ನು ನೋಡಿದರು. ಪಾಕಿಸ್ತಾನ, ಮೊಜಾಂಬಿಕ್‌ಗಳನ್ನೂ ಸೇರಿಸಿ 2020ರಲ್ಲಿ ಫಲಿತಾಂಶ ಬಂದಾಗ, ಒಟ್ಟಾರೆ ತಾಯಿ–ಮಗುವಿನ ಸಾವುನೋವು ನಿರೀಕ್ಷೆಯಂತೆ ಇಳಿದಿರಲಿಲ್ಲ. ಆದರೆ ಎಂಟು ಸಲಕ್ಕಿಂತ ಕಡಿಮೆಯಿಲ್ಲದೆ ನೋಡಿದ ಗರ್ಭಿಣಿಯರ ಸ್ಥಿತಿ ಮೇಲಾಗಿತ್ತು. ಅಷ್ಟು ಸಲ ನೋಡಬೇಕೆಂದರೆ ಬೇಗ ಶುರುವಾಗಬೇಕು. ಮನೆಯಿಂದ ಕಳಿಸಿದ ಮೇಲೆ ಮುಂದಿನ ಆಸ್ಪತ್ರೆಯಲ್ಲಿ ಡಾಕ್ಟರು, ರಕ್ತ, ಫಿಟ್ಸ್ ತಡೆಯುವ ಮೆಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್ ಸಿದ್ಧವಿರಬೇಕಾದ್ದು ಸರ್ಕಾರದ ಹೊಣೆ, ಅದನ್ನು ಆಶಾ ಅಕ್ಕನ ಹೆಗಲಿಗೆ ಹಾಕಲಾಗದು.

ಹೆರಿಗೆಯಾದರೆ ಬಿಪಿ ಮುಗಿಯಿತೆಂದು ಮಾತ್ರೆ ಬಿಟ್ಟು ಬಾಣಂತನಕ್ಕೆ ತವರಿಗೆ ಹೊರಡುವವರಿಗೆ ಒಂದು ಮಾತು. ಹೆರಿಗೆಯ ಬಳಿಕ ಮೂರರಿಂದ ಆರನೇ ದಿನದ ನಡುವೆ ಬಿಪಿ ಮತ್ತೆ ಮೇಲೇರುತ್ತದೆ, ಅಂದರೆ ಹೆಚ್ಚಿನವರು ಡಿಸ್ಚಾರ್ಜ್ ಆಗಿ ಮನೆಗೆ ಬಂದ ಹೊತ್ತಿಗೆ. ಆ ವಾರ ತವರೂರಿನ ಪಿಎಚ್‌ಸಿಯಲ್ಲೇ ನೋಡಿಸಬೇಕು. ಬಸಿರಿನಲ್ಲಿ ಬೇಡವೆಂದಿದ್ದ ಎನಾಲಾಪ್ರಿಲ್ ಅನ್ನು ಹಾಲೂಡಿಸುವಾಗ ಡಾಕ್ಟರು ಬರೆದುಕೊಟ್ಟರೆ ಗಾಬರಿ ಬೇಡ, ಆಗ ಅದು ಆಗುತ್ತದೆ. ಮೂರು ತಿಂಗಳಾದರೂ ಬಿಪಿ ಇಳಿಯದಿದ್ದರೆ ಅದು ಮೊದಲಿನಿಂದಲೇ ಇದ್ದದ್ದು. ಮುಂದಿನ ಮಗುವಿನ ಯೋಚನೆ ಬಂದಾಗ ಈ ತಾಯಿ ಕಾರ್ಡನ್ನೇ ಹಿಡಿದು, ಗರ್ಭ ನಿಲ್ಲುವ ಮೊದಲೇ ಡಾಕ್ಟರ ಬಳಿ ಹೋಗಬೇಕು.