ಅಪರಾಧಶಾಸ್ತ್ರ ಓದಲು ಮೊದಲು ಲೆಕ್ಕ ಕಲಿಯಬೇಕು

ನೆದರ್ಲೆಂಡ್ಸ್‌ನಲ್ಲಿ ಮಕ್ಕಳಿಗೆ ಹನ್ನೆರಡು ವರ್ಷ ತುಂಬುವ ಹೊತ್ತಿಗೆ ಪ್ರಾಥಮಿಕ ಶಾಲೆಯವರು ಒಂದು ಸಲಹೆ ಬರೆದುಕೊಡುತ್ತಾರೆ. ಮಗು ಮುಂದೆ ಯಾವ ಬಗೆಯ ಪ್ರೌಢಶಾಲೆಗೆ ಹೋಗಬೇಕು ಎಂಬುದು ಬಹುಪಾಲು ಅಲ್ಲೇ ತೀರ್ಮಾನವಾಗುತ್ತದೆ. ಆರು ವರ್ಷದ ವಿಡಬ್ಲ್ಯುಒ ಶಾಲೆ ಮುಗಿಸಿದವರು ನೇರವಾಗಿ ವಿಶ್ವವಿದ್ಯಾಲಯಕ್ಕೆ ಹೋಗಬಹುದು. ಐದು ವರ್ಷದ ಹಾವೊ ಓದಿದವರು ಎಚ್‌ಬಿಒ ಎಂಬ ವೃತ್ತಿಪರ ಶಿಕ್ಷಣದ ಕಾಲೇಜು ಸೇರಿ ನಾಲ್ಕು ವರ್ಷದ ಪದವಿ ಪಡೆಯುತ್ತಾರೆ. ನಾಲ್ಕು ವರ್ಷದ ವಿಎಂಬಿಒ ಮುಗಿಸಿದವರು ಕಸುಬಿನ ತರಬೇತಿಗೆ ಸೇರುತ್ತಾರೆ.

ಹನ್ನೆರಡರಲ್ಲಿ ಹಿಡಿದ ದಾರಿಯನ್ನು ಇಪ್ಪತ್ಮೂರು, ಇಪ್ಪತ್ತನಾಲ್ಕರಲ್ಲಿ ಬದಲಿಸಿಕೊಳ್ಳಬಹುದೇ? ಬದಲಿಸಿಕೊಳ್ಳಬಹುದು. ಆದರೆ ಎಚ್‌ಬಿಒ ಪದವಿ ಇದ್ದವರಿಗೆ ವಿಶ್ವವಿದ್ಯಾಲಯದ ಸ್ನಾತಕೋತ್ತರ ತರಗತಿಗೆ ನೇರ ಪ್ರವೇಶ ಸಾಮಾನ್ಯವಾಗಿ ಸಿಗುವುದಿಲ್ಲ. ಅವರಿಗಾಗಿ ವಿಶ್ವವಿದ್ಯಾಲಯಗಳು 'ಪ್ರೀ-ಮಾಸ್ಟರ್' ಎಂಬ ಪೂರ್ವಸಿದ್ಧತಾ ಕೋರ್ಸ್ ನಡೆಸುತ್ತವೆ. 2002ರಲ್ಲಿ ಆ ದೇಶ ಬ್ಯಾಚುಲರ್, ಮಾಸ್ಟರ್ ಎಂಬ ಎರಡು ಹಂತದ ಪದ್ಧತಿಗೆ ಬದಲಾದ ಮೇಲೆ ಇಂಥ ಕೋರ್ಸುಗಳು ಬೇರೂರಿದವು. ಅಪರಾಧಶಾಸ್ತ್ರಕ್ಕೆ ಹೆಸರಾದ ಲೈಡನ್, ರಾಟರ್‌ಡ್ಯಾಮ್, ಆಮ್‌ಸ್ಟರ್‌ಡ್ಯಾಮ್ ನಗರಗಳ ವಿಶ್ವವಿದ್ಯಾಲಯಗಳಿಗೆ ಎಷ್ಟೋ ವಿದ್ಯಾರ್ಥಿಗಳು ಬರುವುದು ಈ ದಾರಿಯಲ್ಲಿ. ಪಕ್ಕದ ಬೆಲ್ಜಿಯಂನ ಡಚ್ ಭಾಷಿಕ ಪ್ರದೇಶದಲ್ಲೂ ಇದೇ ವ್ಯವಸ್ಥೆ ಉಂಟು. ಅಲ್ಲಿನ ಲ್ಯೂವೆನ್ ವಿಶ್ವವಿದ್ಯಾಲಯ 1929ರಿಂದಲೇ ಅಪರಾಧಶಾಸ್ತ್ರ ಕಲಿಸುತ್ತಿದೆ.

ಅರ್ಜಿ ಹಾಕುವವರು ಯಾರು ಎಂದು ನೋಡಿದರೆ ಈ ಕೋರ್ಸಿನ ಸ್ವಭಾವ ಅರ್ಥವಾಗುತ್ತದೆ. ಸಮಾಜಕಾರ್ಯ ಓದಿ, ಜೈಲಿನಿಂದ ಬಿಡುಗಡೆಯಾದವರ ಮರುವಸತಿಗೆ ದುಡಿದವರು ಇರುತ್ತಾರೆ. ಕಾನೂನು ನೆರವಿನ ಪದವಿ ಓದಿದವರು, ನಗರಸಭೆಗಳ ಸುರಕ್ಷತಾ ವಿಭಾಗಕ್ಕೆ ಬೇಕಾದ ಪದವಿ ಪಡೆದವರು, ಪೊಲೀಸ್ ಅಕಾಡೆಮಿಯಿಂದ ಬಂದವರು ಇರುತ್ತಾರೆ. ಕಳ್ಳತನ, ಕೌಟುಂಬಿಕ ಹಿಂಸೆ, ಮಾದಕ ವಸ್ತುಗಳ ಜಾಲವನ್ನು ಇವರಲ್ಲಿ ಹಲವರು ಹತ್ತಿರದಿಂದ ಕಂಡಿರುತ್ತಾರೆ. ಕಂಡದ್ದನ್ನು ಅಳೆಯುವ, ತೂಗಿ ನೋಡುವ ವಿದ್ಯೆ ಮಾತ್ರ ಅವರಿಗೆ ಇನ್ನೂ ದಕ್ಕಿರುವುದಿಲ್ಲ.

ಕೇಳುವುದೇನು?

ಮೊದಲನೆಯದು, ಸಂಬಂಧಪಟ್ಟ ವಿಷಯದ ಪದವಿ. ಪದವಿಯ ಹೆಸರಿಗಿಂತ ಒಳಗಿನ ಪಠ್ಯಕ್ಕೆ ಬೆಲೆ ಹೆಚ್ಚು. ಅಂಕಪಟ್ಟಿ, ಓದಿದ ವಿಷಯಗಳ ವಿವರ, ಕ್ರೆಡಿಟ್‌ಗಳ ಲೆಕ್ಕವನ್ನು ಪ್ರವೇಶ ಸಮಿತಿ ನೋಡುತ್ತದೆ. ಕಾನೂನು, ಸಮಾಜಶಾಸ್ತ್ರ, ಮನೋವಿಜ್ಞಾನದಂಥ ವಿಷಯದಲ್ಲಿ ವಿಶ್ವವಿದ್ಯಾಲಯದ ಪದವಿಯನ್ನೇ ಪಡೆದವರಿಗೆ ಬಿಟ್ಟುಹೋದ ಕೆಲವು ಪತ್ರಿಕೆಗಳನ್ನಷ್ಟೇ ಓದಿಸುವುದೂ ಉಂಟು.

ಎರಡನೆಯದು ಭಾಷೆ. ಪಾಠ ಹೆಚ್ಚಾಗಿ ಡಚ್ ಭಾಷೆಯಲ್ಲೇ ನಡೆಯುತ್ತದೆ; ಓದಬೇಕಾದ ಸಂಶೋಧನಾ ಲೇಖನಗಳು ಮಾತ್ರ ಬಹುಪಾಲು ಇಂಗ್ಲಿಷಿನಲ್ಲಿ. ಹಾಗಾಗಿ ಎರಡರಲ್ಲೂ ಹಿಡಿತ ಬೇಕು. ಮೂರನೆಯದು ಗಣಿತದ ತಳಹದಿ. ಇದನ್ನು ಪರೀಕ್ಷಿಸುವ ರೀತಿ ಒಂದೊಂದು ಕಡೆ ಒಂದೊಂದು ತೆರನಾದರೂ, ಒಳಗೆ ಹೋದ ಮೇಲೆ ಸಂಖ್ಯಾಶಾಸ್ತ್ರ ಯಾರನ್ನೂ ಬಿಡುವುದಿಲ್ಲ.

ನಾಲ್ಕನೆಯದು ಸಮಯ. ಪೂರ್ತಿ ಒಂದು ವರ್ಷದ ಓದಿಗೆ ಯುರೋಪಿನಲ್ಲಿ 60 ಕ್ರೆಡಿಟ್. ಡಚ್ ಲೆಕ್ಕದಲ್ಲಿ ಒಂದು ಕ್ರೆಡಿಟ್ ಎಂದರೆ 28 ಗಂಟೆಯ ಕೆಲಸ. ವರ್ಷಕ್ಕೆ 1,680 ಗಂಟೆ. ನಲವತ್ತು ವಾರಕ್ಕೆ ಹಂಚಿದರೆ ವಾರಕ್ಕೆ 42 ಗಂಟೆ. ದಿನವಿಡೀ ನೌಕರಿ ಮಾಡಿಕೊಂಡು ಇದನ್ನು ತೂಗಿಸುವುದು ಕಷ್ಟ. ನಿಗದಿತ ಅವಧಿಯಲ್ಲಿ ಎಲ್ಲ ಪತ್ರಿಕೆಗಳನ್ನೂ ಮುಗಿಸಬೇಕು ಎಂಬ ಷರತ್ತು ಬೇರೆ. ಸರ್ಕಾರ ನಿಗದಿ ಮಾಡಿರುವ ವಾರ್ಷಿಕ ಶುಲ್ಕ 2025-26ಕ್ಕೆ 2,601 ಯೂರೊ. ಇಷ್ಟೆಲ್ಲ ಮಾಡಿದರೂ ವರ್ಷದ ಕೊನೆಗೆ ಕೈಗೆ ಹೊಸ ಪದವಿಯೇನೂ ಬರುವುದಿಲ್ಲ. ಸಿಗುವುದು ಮಾಸ್ಟರ್ ತರಗತಿಗೆ ಕೂರುವ ಅರ್ಹತೆ, ಅಷ್ಟೇ.

ಸಂಖ್ಯಾಶಾಸ್ತ್ರದ ಮೇಲೆ ಯಾಕಿಷ್ಟು ಪಟ್ಟು?

ಅಪರಾಧಶಾಸ್ತ್ರಕ್ಕೆ ಬರುವವರಲ್ಲಿ ಅನೇಕರು ಗಣಿತಕ್ಕೆ ಹೆದರಿ ಕಲಾ ವಿಷಯ ಆರಿಸಿಕೊಂಡವರು. ಅಂಥವರ ಮುಂದೆ ಸಂಭವನೀಯತೆ, ಮಾದರಿ ಸಮೀಕ್ಷೆ, ದತ್ತಾಂಶ ವಿಶ್ಲೇಷಣೆ ತಂದಿಟ್ಟರೆ ಎದೆ ಧಸಕ್ಕೆನ್ನುವುದು ಸಹಜ. ಈ ಪಟ್ಟು ಯಾಕೆ ಬೇಕು ಎಂಬುದಕ್ಕೆ ಉತ್ತರ ನೆದರ್ಲೆಂಡ್ಸ್‌ನ ನ್ಯಾಯಾಲಯದ ಕಡತದಲ್ಲೇ ಇದೆ.

2001ರ ಸೆಪ್ಟೆಂಬರ್‌ನಲ್ಲಿ ಹೇಗ್ ನಗರದ ಮಕ್ಕಳ ಆಸ್ಪತ್ರೆಯೊಂದರಲ್ಲಿ ಹಸುಗೂಸೊಂದು ತೀರಿಕೊಂಡಿತು. ಲೂಸಿಯಾ ಡಿ ಬೆರ್ಕ್ ಎಂಬ ನರ್ಸ್ ಪಾಳಿಯಲ್ಲಿದ್ದಾಗಲೇ ಸಾವುಗಳು, ದಿಢೀರ್ ಅಸ್ವಸ್ಥತೆಗಳು ಹೆಚ್ಚಾಗಿ ನಡೆದಿವೆ ಎಂದು ಯಾರಿಗೋ ಅನ್ನಿಸಿತು. ಹಳೆಯ ದಾಖಲೆಗಳನ್ನು ಕೆದಕಿದರು, ಆಕೆ ಹಿಂದೆ ಕೆಲಸ ಮಾಡಿದ್ದ ವಾರ್ಡುಗಳನ್ನೂ ಸೇರಿಸಿಕೊಂಡರು. ಇದು ಕಾಕತಾಳೀಯವಾಗಿರುವ ಸಾಧ್ಯತೆ 34.2 ಕೋಟಿಯಲ್ಲಿ ಒಂದು ಎಂಬ ಅಂಕಿ ನ್ಯಾಯಾಲಯದ ಮುಂದೆ ಬಂತು. 2003ರಲ್ಲಿ ಆಕೆಗೆ ಜೀವಾವಧಿ ಶಿಕ್ಷೆಯಾಯಿತು. 2004ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ತೀರ್ಪು ಸಂಖ್ಯಾಶಾಸ್ತ್ರದ ಮೇಲೆ ನಿಂತಿಲ್ಲ ಎಂದು ಅದು ಹೇಳಿದರೂ ಆ ಭಾರೀ ಅಂಕಿ ಜನರ ಮನಸ್ಸಿನಿಂದ ಹೋಗಲಿಲ್ಲ.

ಲೆಕ್ಕದಲ್ಲಿ ತಪ್ಪು ಎಲ್ಲಿತ್ತು? ಬೇರೆ ಬೇರೆ ವಾರ್ಡುಗಳಿಗೆ ಪ್ರತ್ಯೇಕವಾಗಿ ಬಂದ ಸಂಭವನೀಯತೆಗಳನ್ನು ಒಂದಕ್ಕೊಂದು ಗುಣಿಸಿದ್ದರು. ಅದರ ಅಪಾಯ ತಿಳಿಯಲು ಒಂದು ಸರಳ ಲೆಕ್ಕ ಸಾಕು. ನರ್ಸೊಬ್ಬರು ಇಪ್ಪತ್ತು ಆಸ್ಪತ್ರೆಗಳಲ್ಲಿ ಕೆಲಸ ಮಾಡಿದ್ದಾರೆ ಎಂದುಕೊಳ್ಳೋಣ; ಪ್ರತಿಯೊಂದರಲ್ಲೂ ಬಂದ ಸಂಭವನೀಯತೆ ಅರ್ಧಕ್ಕರ್ಧ, ಅಂದರೆ ಅನುಮಾನಕ್ಕೆ ಎಡೆಯೇ ಇಲ್ಲ. ಆದರೂ ಅರ್ಧವನ್ನು ಇಪ್ಪತ್ತು ಸಲ ಗುಣಿಸಿದರೆ ಹತ್ತು ಲಕ್ಷದಲ್ಲಿ ಒಂದು ಎಂಬ ಉತ್ತರ ಬರುತ್ತದೆ. ಏನೂ ಮಾಡದವರೂ ಕೆಲಸದ ಜಾಗ ಬದಲಿಸಿದಷ್ಟೂ ಅಪರಾಧಿಯಂತೆ ಕಾಣತೊಡಗುತ್ತಾರೆ. ಇನ್ನೊಂದು ದೋಷ ಇದಕ್ಕಿಂತ ಆಳದ್ದು: ಯಾವ ಘಟನೆ 'ಅನುಮಾನಾಸ್ಪದ' ಎಂದು ಪಟ್ಟಿ ಮಾಡುವಾಗಲೇ ಆಕೆ ಪಾಳಿಯಲ್ಲಿದ್ದರೇ ಎಂಬ ಪ್ರಶ್ನೆ ಕಣ್ಣ ಮುಂದಿತ್ತು.

ವಿಜ್ಞಾನ ತತ್ತ್ವಶಾಸ್ತ್ರದ ಪ್ರಾಧ್ಯಾಪಕ ಟಾನ್ ಡೆರ್ಕ್‌ಸೆನ್, ಅವರ ಸಹೋದರಿಯಾದ ವೈದ್ಯೆ ಮೆಟ್ಟಾ ಡಿ ನೊ, ಲೈಡನ್‌ನ ಸಂಖ್ಯಾಶಾಸ್ತ್ರಜ್ಞ ರಿಚರ್ಡ್ ಗಿಲ್ ಈ ಪ್ರಕರಣದ ಬೆನ್ನುಬಿದ್ದರು. ಗಿಲ್ ಮತ್ತು ಸಂಗಡಿಗರು ಹೊಸದಾಗಿ ಮಾಡಿದ ಒಂದು ಲೆಕ್ಕದಲ್ಲಿ ಕೋಟಿಗಳು ಕರಗಿ, ಉತ್ತರ ಐವತ್ತಕ್ಕೆ ಒಂದರ ಆಸುಪಾಸಿಗೆ ಇಳಿಯಿತು. 2008ರಲ್ಲಿ ಪ್ರಕರಣ ಮತ್ತೆ ತೆರೆಯಿತು. 2010ರ ಏಪ್ರಿಲ್ 14ರಂದು ಲೂಸಿಯಾ ನಿರ್ದೋಷಿ ಎಂದು ತೀರ್ಪಾಯಿತು. ಅಷ್ಟರೊಳಗೆ ಆಕೆ ಆರು ವರ್ಷಕ್ಕೂ ಹೆಚ್ಚು ಕಾಲ ಸೆರೆಮನೆಯಲ್ಲಿ ಕಳೆದಿದ್ದರು, ಪಾರ್ಶ್ವವಾಯುವಿಗೂ ತುತ್ತಾಗಿದ್ದರು.

ನಾಳೆ ಇಂಥ ವರದಿಯನ್ನು ಬರೆಯುವವರು, ಓದುವವರು, ಪ್ರಶ್ನಿಸಬೇಕಾದವರು ಅಪರಾಧಶಾಸ್ತ್ರದ ಪದವೀಧರರೇ. ಪ್ರವೇಶದಲ್ಲೇ ಗಣಿತ ಕೇಳುವುದು ವಿದ್ಯಾರ್ಥಿಯನ್ನು ಸತಾಯಿಸಲಿಕ್ಕಲ್ಲ. ತಪ್ಪು ಲೆಕ್ಕಕ್ಕೆ ಬೆಲೆ ತೆರುವವರು ಬೇರೆ ಯಾರೋ ಆಗಿರುತ್ತಾರೆ ಎಂಬ ಕಾರಣಕ್ಕೆ.

ಖಾಲಿ ಸೆರೆಮನೆಗಳ ಪಾಠ

ಡಚ್ ಅಪರಾಧಶಾಸ್ತ್ರಕ್ಕೆ ಅಂಕಿಅಂಶದ ನಂಟು ಹಳೆಯದು. ವಿಲೆಮ್ ಬಾಂಗರ್ 1905ರಲ್ಲೇ ಅಪರಾಧಕ್ಕೂ ಆರ್ಥಿಕ ಸ್ಥಿತಿಗೂ ಇರುವ ಸಂಬಂಧದ ಮೇಲೆ ದೊಡ್ಡ ಗ್ರಂಥ ಬರೆದರು. ಅಪರಾಧಿಯ ಮುಖಚಹರೆಯಲ್ಲಿ ದೋಷ ಹುಡುಕುವ ವಾದಗಳು ಯುರೋಪಿನಲ್ಲಿ ಚಾಲ್ತಿಯಲ್ಲಿದ್ದ ಕಾಲ ಅದು.

ಪ್ರಶ್ನೆಗಳು ಇವತ್ತಿಗೂ ಮುಗಿದಿಲ್ಲ. ಕೈದಿಗಳ ಸಂಖ್ಯೆ ಇಳಿದು, ನೆದರ್ಲೆಂಡ್ಸ್ ತನ್ನ ಟಿಲ್‌ಬರ್ಗ್ ಸೆರೆಮನೆಯನ್ನು 2010ರಿಂದ ಬೆಲ್ಜಿಯಂಗೂ, ನಾರ್ಗರ್‌ಹಾವೆನ್ ಸೆರೆಮನೆಯನ್ನು 2015ರಿಂದ ನಾರ್ವೆಗೂ ಬಾಡಿಗೆಗೆ ಕೊಟ್ಟಿತ್ತು. ಕೆಲವೇ ವರ್ಷಗಳಲ್ಲಿ ಅದೇ ದೇಶಕ್ಕೆ ಸೆರೆಮನೆ ಸಿಬ್ಬಂದಿಯ, ಜಾಗದ ಕೊರತೆ ಎದುರಾಯಿತು. ಅಪರಾಧ ನಿಜಕ್ಕೂ ಇಳಿದಿತ್ತೇ, ದೂರು ಕೊಡುವವರು ಕಡಿಮೆಯಾದರೇ, ಶಿಕ್ಷೆಯ ರೀತಿ ಬದಲಾಯಿತೇ, ಬೀದಿಯ ಕಳ್ಳತನ ಆನ್‌ಲೈನ್ ವಂಚನೆಯಾಗಿ ರೂಪ ಬದಲಿಸಿತೇ? ಪೊಲೀಸ್ ದಾಖಲೆಯನ್ನಷ್ಟೇ ನೋಡಿದರೆ ಉತ್ತರ ಸಿಗದು. ಅದಕ್ಕಾಗಿ ಅಲ್ಲಿನ ಕೇಂದ್ರ ಅಂಕಿಅಂಶ ಇಲಾಖೆ ಜನರನ್ನೇ ನೇರವಾಗಿ ಕೇಳುವ ಸುರಕ್ಷತಾ ಸಮೀಕ್ಷೆ ನಡೆಸುತ್ತದೆ. ಈ ಎರಡು ಬಗೆಯ ದಾಖಲೆಯನ್ನು ಅಕ್ಕಪಕ್ಕ ಇಟ್ಟು ಓದುವುದನ್ನು ಅಪರಾಧಶಾಸ್ತ್ರಕ್ಕೆ ಬಂದವರು ಮೊದಮೊದಲೇ ಕಲಿಯಬೇಕಾಗುತ್ತದೆ.

ಕರ್ನಾಟಕದ ವಿದ್ಯಾರ್ಥಿಗೆ

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ಓದಿದವರಲ್ಲಿ ಹೊರದೇಶದ ಮಾಸ್ಟರ್ ಪದವಿಯತ್ತ ನೋಡುವವರಿದ್ದಾರೆ. ಅವರು ಎರಡು ಸಂಗತಿ ಗಮನಿಸಬೇಕು. ಕರ್ನಾಟಕದಲ್ಲಿ 2021-22ರಲ್ಲಿ ಬಂದ ನಾಲ್ಕು ವರ್ಷದ ಆನರ್ಸ್ ಪದ್ಧತಿಯನ್ನು ಬಿಟ್ಟು 2024-25ರಿಂದ ಮತ್ತೆ ಮೂರು ವರ್ಷದ ಪದವಿ ಜಾರಿಗೆ ಬಂದಿದೆ. ಮೂರು ವರ್ಷದ ಪದವಿಯನ್ನು ಎಲ್ಲ ದೇಶಗಳೂ ಒಂದೇ ಮಟ್ಟದಲ್ಲಿ ಎಣಿಸುವುದಿಲ್ಲವಾದ್ದರಿಂದ ಅರ್ಜಿಗೆ ಮೊದಲೇ ಆಯಾ ವಿಶ್ವವಿದ್ಯಾಲಯವನ್ನು ಕೇಳಿ ತಿಳಿಯುವುದು ಒಳ್ಳೆಯದು. ಮತ್ತೊಂದು, ವಿಧಿವಿಜ್ಞಾನದ ಪ್ರಯೋಗಾಲಯ ಪಾಠಕ್ಕೂ ಅಪರಾಧಶಾಸ್ತ್ರದ ಸಂಶೋಧನಾ ವಿಧಾನಕ್ಕೂ ವ್ಯತ್ಯಾಸವಿದೆ. ಬೆರಳಚ್ಚು, ರಕ್ತದ ಕಲೆಯ ಪಾಠ ಎಷ್ಟು ಓದಿದ್ದರೂ ಸಮೀಕ್ಷೆ, ಸಂಖ್ಯಾಶಾಸ್ತ್ರದ ಪತ್ರಿಕೆ ಅಂಕಪಟ್ಟಿಯಲ್ಲಿ ಇಲ್ಲದಿದ್ದರೆ ಪ್ರವೇಶ ಸಮಿತಿಗೆ ಅದು ಕೊರತೆಯಾಗಿಯೇ ಕಾಣುತ್ತದೆ.

ತಯಾರಿಗೆ ಹೊರದೇಶದ ಪುಸ್ತಕವೇ ಬೇಕೆಂದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಟಿಸುವ 'ಕ್ರೈಮ್ ಇನ್ ಇಂಡಿಯಾ' ವರದಿ ಯಾರಿಗಾದರೂ ಉಚಿತವಾಗಿ ಸಿಗುತ್ತದೆ. ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅದರಲ್ಲಿ ಅತಿ ಗಂಭೀರವಾದ ಒಂದನ್ನಷ್ಟೇ ಎಣಿಸುವುದು ಆ ವರದಿಯ ನಿಯಮ. ಕೊಲೆಯ ಜೊತೆ ಕಳ್ಳತನವೂ ನಡೆದಿದ್ದರೆ ಕಳ್ಳತನದ ಕೋಷ್ಟಕಕ್ಕೆ ಅದು ಸೇರುವುದಿಲ್ಲ. ದಾಖಲಾದ ಪ್ರಕರಣ ಹೆಚ್ಚಿದ ಮಾತ್ರಕ್ಕೆ ಅಪರಾಧ ಹೆಚ್ಚಿದೆ ಎಂದು ತಿಳಿಯಬಾರದು ಎಂದು ಬ್ಯೂರೊ ತಾನೇ ಎಚ್ಚರಿಸುತ್ತದೆ. ತಮ್ಮ ಜಿಲ್ಲೆಯ ಐದು ವರ್ಷದ ಅಂಕಿಗಳನ್ನು ತೆಗೆದು, ಏರಿಳಿತಕ್ಕೆ ಎಷ್ಟು ಬಗೆಯ ಕಾರಣ ಇರಬಹುದು ಎಂದು ಎರಡು ಪುಟ ಬರೆದು ನೋಡಿದ ವಿದ್ಯಾರ್ಥಿಗೆ ಅರ್ಜಿಯ ಜೊತೆ ಕಳಿಸುವ ಉದ್ದೇಶಪತ್ರದಲ್ಲಿ ಹೇಳಲು ಸ್ವಂತದ್ದೊಂದು ವಿಷಯ ಇರುತ್ತದೆ. ಮುಂದೆ ಆ ಪೂರ್ವಸಿದ್ಧತಾ ವರ್ಷದಲ್ಲಿ ಮಾಡಬೇಕಾದ ಕೆಲಸದ ಮೊದಲ ರುಚಿಯೂ ಅಲ್ಲೇ ಸಿಗುತ್ತದೆ.