ಪಂಪಿನ ತಂತಿಗೆ ಲಗ್ ಒತ್ತುವ ಮುನ್ನ



ಬೇಸಿಗೆಯ ಮಧ್ಯದಲ್ಲಿ ಪಂಪ್ ನಿಂತರೆ ಅಡಿಕೆ ತೋಟದವರ ಪಾಡು ಏನೆಂದು ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ರೈತರಿಗೆ ಹೇಳಬೇಕಾಗಿಲ್ಲ. ಒಂದು ವರ್ಷ ನಮ್ಮ ಮನೆಯಲ್ಲೂ ಹಾಗೇ ಆಯಿತು. ಐದು ಎಚ್.ಪಿ.ಯ ತ್ರೀ ಫೇಸ್ ಮೋಟರ್ ಸುಟ್ಟುಹೋಯಿತು. ವೈಂಡಿಂಗ್ ಮಾಡಿಸಲು ಸಾವಿರಾರು ರೂಪಾಯಿ ಖರ್ಚಾಯಿತು. ಅಷ್ಟು ದಿನ ನೀರಿಲ್ಲದೆ ಎಳೆಯ ಸಸಿಗಳು ಬಾಡಿದವು. ಕರೆಂಟಿನ ವೋಲ್ಟೇಜ್ ಸರಿಯಿಲ್ಲ ಎಂದು ನಾನು ದೂರುತ್ತಿದ್ದೆ. ವೈರ್‌ಮನ್ ಬಂದು ಸ್ಟಾರ್ಟರಿನ ಮುಚ್ಚಳ ತೆಗೆದಾಗ ಕಾರಣ ಬೇರೆಯೇ ಇತ್ತು. ಮೂರು ತಂತಿಗಳಲ್ಲಿ ಒಂದರ ತುದಿಯ ಲಗ್ ಕರಿಯಾಗಿ, ಎಳೆದರೆ ಕೈಗೇ ಬಂತು. ಹಿಂದಿನ ವರ್ಷ ಆ ಲಗ್ಗನ್ನು ಕಟ್ಟಿಂಗ್ ಪ್ಲೇಯರಿನಿಂದ ಒತ್ತಿದವನು ನಾನೇ!

ಲಗ್ ಎಂದರೆ ತಂತಿಯ ತುದಿಗೆ ಹಾಕುವ ಲೋಹದ ಕೊಳವೆ. ಕೆಲವರು ಥಿಂಬಲ್ ಎನ್ನುತ್ತಾರೆ. ಅದರ ಒಂದು ಕಡೆ ತಂತಿ ಹೋಗುತ್ತದೆ, ಇನ್ನೊಂದು ಕಡೆಯ ಉಂಗುರ ಸ್ಕ್ರೂ ಅಡಿಗೆ ಕೂರುತ್ತದೆ. ಕೊಳವೆಯನ್ನು ಒತ್ತಿ ತಂತಿಗೆ ಬಿಗಿಯುವುದಕ್ಕೆ ಕ್ರಿಂಪಿಂಗ್ ಎಂದು ಹೆಸರು. ಸರಿಯಾಗಿ ಒತ್ತಿದಾಗ ಒಳಗಿನ ಎಳೆಗಳೂ ಕೊಳವೆಯೂ ಸೇರಿ ಒಂದೇ ತುಂಡಿನಂತಾಗುತ್ತವೆ, ನಡುವೆ ಗಾಳಿಗೆ ಜಾಗವಿರುವುದಿಲ್ಲ. ಪ್ಲೇಯರ್ ಅಥವಾ ಸುತ್ತಿಗೆಯಿಂದ ಜಜ್ಜಿದಾಗ ಕೊಳವೆ ಚಪ್ಪಟೆಯಾಗುತ್ತದೆ ಅಷ್ಟೆ. ಬದಿಗಳಲ್ಲಿ ಸಂದು ಉಳಿಯುತ್ತದೆ, ಅಲ್ಲಿಗೆ ತೇವ ಸೇರುತ್ತದೆ, ಕಿಲುಬು ಹಿಡಿಯುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಎಂದು ತೋರುತ್ತವೆ.

ಒಂದು ಸಣ್ಣ ಲೆಕ್ಕ ನೋಡಿ. ಐದು ಎಚ್.ಪಿ. ಮೋಟರ್ ಪ್ರತಿ ಫೇಸಿನಲ್ಲಿ ಸುಮಾರು 7 ಆಂಪಿಯರ್ ಎಳೆಯುತ್ತದೆ. ಸಡಿಲ ಲಗ್ಗಿನಲ್ಲಿ ಅರ್ಧ ಓಮ್ ತಡೆ ಉಂಟಾದರೆ ಏಳನ್ನು ಏಳರಿಂದ ಗುಣಿಸಿ ಅರ್ಧ ಮಾಡಿ: ಸುಮಾರು 25 ವ್ಯಾಟ್ ಶಾಖ. ರೇಡಿಯೋ ರಿಪೇರಿಯವರು ಸೀಸ ಕರಗಿಸುವ ಸಣ್ಣ ಕಾವಿನ ಕಡ್ಡಿಯ ಶಕ್ತಿಯೂ ಅಷ್ಟೇ. ಆ ಕಡ್ಡಿಯನ್ನು ಸ್ಟಾರ್ಟರಿನೊಳಗೆ ಗಂಟೆಗಟ್ಟಲೆ ಇಟ್ಟರೆ ಏನಾದೀತು? ಕಾದಷ್ಟೂ ಲಗ್ ಸಡಿಲವಾಗುತ್ತದೆ, ಸಡಿಲವಾದಷ್ಟೂ ಕಾಯುತ್ತದೆ. ಕೊನೆಗೆ ಆ ಫೇಸ್ ಕಡಿದುಹೋಗುತ್ತದೆ. ಓಡುತ್ತಿರುವ ಮೋಟರ್ ಉಳಿದ ಎರಡು ಫೇಸುಗಳಿಂದ ಹೆಚ್ಚು ಕರೆಂಟ್ ಎಳೆದು ಸುಡುತ್ತದೆ.

ಇದನ್ನು ತಡೆಯಲು ಓವರ್‌ಲೋಡ್ ರಿಲೇ ಇದೆ. ಆದರೆ ನಮ್ಮ ರಿಲೇ ಪದೇ ಪದೇ ಬೀಳುತ್ತದೆಂದು ನಾನು ಅದನ್ನು ಹೆಚ್ಚಿನ ಆಂಪಿಯರಿಗೆ ತಿರುಗಿಸಿಟ್ಟಿದ್ದೆ. ಪಕ್ಕದ ಲಗ್ಗಿನ ಶಾಖವೇ ಅದನ್ನು ಬೀಳಿಸುತ್ತಿತ್ತು. ಎಚ್ಚರಿಕೆ ಕೊಟ್ಟವನ ಬಾಯಿಯನ್ನೇ ಕಟ್ಟಿದಂತಾಯಿತು.

ಲಗ್ ಆರಿಸುವಾಗ

1. ತಂತಿಯ ಅಳತೆಯೂ ಲಗ್ಗಿನ ಅಳತೆಯೂ ಒಂದೇ ಇರಬೇಕು. 4 ಚದರ ಮಿ.ಮೀ. ತಂತಿಗೆ 4ರ ಲಗ್. ಲಗ್ ಚಿಕ್ಕದಾಯಿತೆಂದು ನಾಲ್ಕು ಎಳೆ ಕತ್ತರಿಸಬೇಡಿ. ದೊಡ್ಡದಾಯಿತೆಂದು ತಂತಿಯನ್ನು ಮಡಚಿ ತುರುಕಬೇಡಿ.

2. ಪ್ಲಾಸ್ಟಿಕ್ ತೋಳಿರುವ ಲಗ್ಗುಗಳಿಗೆ ಬಣ್ಣದ ಗುರುತಿದೆ. ಕೆಂಪು 1.5 ಚದರ ಮಿ.ಮೀ. ವರೆಗೆ, ನೀಲಿ 2.5 ವರೆಗೆ, ಹಳದಿ 4ರಿಂದ 6ಕ್ಕೆ.

3. ಉಂಗುರದ ತೂತು ಸ್ಕ್ರೂವಿಗೆ ಸರಿಹೊಂದಬೇಕು.

4. ತಾಮ್ರದ ತಂತಿಗೆ ತಾಮ್ರದ ಲಗ್, ಅಲ್ಯೂಮಿನಿಯಂ ತಂತಿಗೆ ಅಲ್ಯೂಮಿನಿಯಂ ಲಗ್. ಅಲ್ಯೂಮಿನಿಯಂ ತಂತಿ ತಾಮ್ರವನ್ನು ಸೇರುವಲ್ಲಿ ಎರಡೂ ಲೋಹವಿರುವ ಬೈಮೆಟಾಲಿಕ್ ಲಗ್ ಬೇಕು. ನಮ್ಮ ಕರಾವಳಿಯ ತೇವದಲ್ಲಿ ಈ ಎರಡು ಲೋಹ ನೇರವಾಗಿ ತಾಗಿದರೆ ಅಲ್ಯೂಮಿನಿಯಂ ಬೇಗ ತಿಂದುಹೋಗುತ್ತದೆ. ಅಲ್ಯೂಮಿನಿಯಂ ತಂತಿಯನ್ನು ಉಜ್ಜಿ, ಅದಕ್ಕೆಂದೇ ಸಿಗುವ ಪೇಸ್ಟ್ ಹಚ್ಚಿ, ಕೂಡಲೇ ಒತ್ತಬೇಕು.

ಉಪಕರಣ ಯಾವುದು?

ಸಣ್ಣ ಲಗ್ಗುಗಳಿಗೆ ರ್‍ಯಾಚೆಟ್ ಇರುವ ಕ್ರಿಂಪಿಂಗ್ ಟೂಲ್ ಉತ್ತಮ. ಪೂರ್ತಿ ಒತ್ತುವ ತನಕ ಅದರ ಹಿಡಿ ಬಿಟ್ಟುಕೊಡುವುದಿಲ್ಲ. ಹಾಗಾಗಿ ಕೈ ಸೋತರೂ ಕೆಲಸ ಅರ್ಧದಲ್ಲಿ ನಿಲ್ಲುವುದಿಲ್ಲ. ಪ್ಲಾಸ್ಟಿಕ್ ತೋಳಿನ ಲಗ್ಗಿಗೂ ಬರಿಯ ತಾಮ್ರದ ಲಗ್ಗಿಗೂ ಟೂಲಿನ ಹಲ್ಲು ಬೇರೆ ಬೇರೆ. ಒಂದರದನ್ನು ಇನ್ನೊಂದಕ್ಕೆ ಬಳಸಬಾರದು. 16 ಚದರ ಮಿ.ಮೀ. ಮತ್ತು ಅದಕ್ಕೂ ದಪ್ಪದ ಕೇಬಲಿಗೆ ಉದ್ದ ಹಿಡಿಯ ಅಥವಾ ಹೈಡ್ರಾಲಿಕ್ ಟೂಲ್ ಬೇಕು. ಇದನ್ನು ಪ್ರತಿ ಮನೆಯವರೂ ಕೊಳ್ಳಬೇಕಾಗಿಲ್ಲ. ನೆರೆಕರೆಯ ನಾಲ್ಕು ತೋಟದವರು ಸೇರಿ ಒಂದು ಇಟ್ಟುಕೊಳ್ಳಬಹುದು, ಅಥವಾ ಟೂಲ್ ಇರುವ ವೈರ್‌ಮನ್ನನ್ನೇ ಕರೆಯಬಹುದು.

ಒತ್ತುವ ಕ್ರಮ

ಮೊದಲು ಮೇನ್ ಆಫ್ ಮಾಡಿ, ಫ್ಯೂಸ್ ಕಳಚಿ ಕಿಸೆಯಲ್ಲಿಟ್ಟುಕೊಳ್ಳಿ. ಆಮೇಲೂ ಮೂರು ಫೇಸುಗಳನ್ನು ಟೆಸ್ಟರಿನಿಂದ ನೋಡಿ. ಆ ಟೆಸ್ಟರ್ ಕೆಲಸ ಮಾಡುತ್ತದೆಯೇ ಎಂದು ಕರೆಂಟ್ ಇರುವ ಕಡೆ ಮುಂಚೆಯೇ ಪರೀಕ್ಷಿಸಿರಬೇಕು.

ತಂತಿಯ ಹೊದಿಕೆಯನ್ನು ಲಗ್ಗಿನ ಕೊಳವೆಯ ಉದ್ದಕ್ಕಿಂತ ಒಂದೆರಡು ಮಿ.ಮೀ. ಹೆಚ್ಚು ಸುಲಿಯಿರಿ. ಒಂದು ಎಳೆಯೂ ಕಡಿಯಬಾರದು. ಹಸಿರು, ಕಪ್ಪು ಕಿಲುಬು ಹಿಡಿದ ಭಾಗವನ್ನು ಕತ್ತರಿಸಿ ಹೊಳೆಯುವ ತಾಮ್ರ ಸಿಗುವ ತನಕ ಹಿಂದೆ ಹೋಗಿ. ಎಲ್ಲ ಎಳೆಗಳೂ ಕೊಳವೆಯ ಕೊನೆಯ ತನಕ ಹೋಗಲಿ. ಟೂಲಿನಲ್ಲಿ ಸರಿಯಾದ ಅಳತೆಯ ಹಲ್ಲಿಗಿಟ್ಟು ಒಮ್ಮೆಲೇ ಪೂರ್ತಿ ಒತ್ತಿ. ಬಳಿಕ ಕೈಯಿಂದ ಬಲವಾಗಿ ಎಳೆದು ನೋಡಿ. ಅಲುಗಿದರೆ ಮತ್ತೆ ಒತ್ತುವುದಲ್ಲ, ಕತ್ತರಿಸಿ ಹೊಸ ಲಗ್ ಹಾಕುವುದು. ಒಂದು ಲಗ್ಗಿಗೆ ಎರಡು ತಂತಿ ತುರುಕಬೇಡಿ.

ಎಳೆಗಳಿಗೆ ಸೀಸ ಹಾಕಿ ಸ್ಕ್ರೂ ಬಿಗಿಯುವ ಹಳೆಯ ಅಭ್ಯಾಸವೂ ಒಳ್ಳೆಯದಲ್ಲ. ಮೆತ್ತಗಿನ ಸೀಸ ಒತ್ತಡಕ್ಕೆ ನಿಧಾನವಾಗಿ ಜಾರುತ್ತದೆ, ಸ್ಕ್ರೂ ಸಡಿಲವಾಗುತ್ತದೆ.

ಕೊಳವೆಬಾವಿಯ ಕೇಬಲ್ ಜೋಡಿಸುವವರು ಮೂರು ತಂತಿಗಳ ಜೋಡಣೆ ಒಂದೇ ಮಟ್ಟದಲ್ಲಿ ಬರದಂತೆ ಮೇಲೆ ಕೆಳಗೆ ಮಾಡಿಕೊಳ್ಳಬೇಕು. ಒತ್ತಿದ ಬಳಿಕ ನೀರು ನುಗ್ಗದಂತೆ ರಬ್ಬರ್ ಟೇಪ್, ಅದರ ಮೇಲೆ ಪಿ.ವಿ.ಸಿ. ಟೇಪ್ ಸುತ್ತಬೇಕು.

ಅರ್ತಿಂಗ್ ಮರೆಯಬೇಡಿ

ಫೇಸಿನ ಲಗ್ ಸಡಿಲವಾದರೆ ಪಂಪ್ ನಿಂತು ನಮಗೆ ಗೊತ್ತಾಗುತ್ತದೆ. ಅರ್ತ್ ತಂತಿಯ ಲಗ್ ಕಳಚಿ ಬಿದ್ದರೂ ಪಂಪ್ ಚೆನ್ನಾಗಿಯೇ ಓಡುತ್ತದೆ. ಗೊತ್ತಾಗುವುದು, ಮೋಟರಿನ ಮೈಗೆ ಕರೆಂಟ್ ಬಂದ ದಿನ, ಒದ್ದೆ ಕಾಲಿನಲ್ಲಿ ಅದನ್ನು ಮುಟ್ಟಿದವನಿಗೆ. ಆದ್ದರಿಂದ ಎಲ್ಲಕ್ಕಿಂತ ಹೆಚ್ಚು ಜಾಗ್ರತೆಯಿಂದ ಒತ್ತಬೇಕಾದದ್ದು ಅರ್ತ್ ತಂತಿಯ ಲಗ್ಗನ್ನೇ.

ಯಾರಿಗಾದರೂ ಶಾಕ್ ಹೊಡೆದರೆ ಅವರನ್ನು ಮುಟ್ಟಬೇಡಿ, ಮೊದಲು ಮೇನ್ ಆಫ್ ಮಾಡಿ. ಉಸಿರಿಲ್ಲದಿದ್ದರೆ ಕೂಡಲೇ ಎದೆಯ ಮಧ್ಯದಲ್ಲಿ ಬಲವಾಗಿ, ವೇಗವಾಗಿ ಒತ್ತುತ್ತಾ ಇರಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಸುಟ್ಟ ಗಾಯ ಸಣ್ಣದಾಗಿ ಕಂಡರೂ ವೈದ್ಯರಿಗೆ ತೋರಿಸಿ. ಕರೆಂಟಿನ ಗಾಯ ಒಳಗೆ ಹೆಚ್ಚು ಆಳವಾಗಿರಬಹುದು.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎಂಬ ಗಾದೆ ಇದೆ. ಈ ಸಲ ನೀರು ಬಿಡಲು ಶುರುಮಾಡುವ ಮುಂಚೆ ಮೇನ್ ಆಫ್ ಮಾಡಿ ಸ್ಟಾರ್ಟರಿನ ಮುಚ್ಚಳ ತೆರೆಸಿ ನೋಡಿ. ಬಣ್ಣ ಕೆಟ್ಟ ಲಗ್, ಕರಗಿದ ಹೊದಿಕೆ, ಸುಟ್ಟ ವಾಸನೆ ಕಂಡರೆ ಅಂದೇ ಬದಲಾಯಿಸಿ. ಲಗ್ಗಿನ ಬೆಲೆ ಕೆಲವೇ ರೂಪಾಯಿ.